ಎಡಕ್ಕೆ ತಿರುಗಿಸಿದ್ರೆ ಜಾಸ್ತಿ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಹೆಸರು ‘ಹೆಬ್ಬೂರು ಮನೆ’. ಹೆಬ್ಬೂರಿನಲ್ಲಿ ಈಗ ನಮ್ಮ ಮನೆ ಇಲ್ಲ, ಮಾರಿ ಆಗಿದೆ. ಗುಂಪು ಮಾತ್ರ ಇದೆ, 31 ಜನ. ಕಳೆದ ಶನಿವಾರ ಸಂಜೆ ನನ್ನ ತಮ್ಮ ಅಲ್ಲಿ ಒಂದು ಪ್ರಶ್ನೆ ಕೇಳಿದ.

ತಮ್ಮ: ಸ್ಪ್ಲೆಂಡರ್ ಸಿಗ್ನಲ್‌ನಲ್ಲಿ ನಿಲ್ಲಿಸಿದ್ರೆ ಆಫ್ ಆಗುತ್ತೆ. ಮನೆ ಮುಂದೆ ಸ್ಟ್ಯಾಂಡ್ ಹಾಕಿದ್ರೆ ತಾನಾಗೇ ರೈಸ್ ಆಗುತ್ತೆ. ಯಾಕೆ ಅಂತ ಯಾರಿಗಾದ್ರೂ ಗೊತ್ತಾ?

ಅದು ಚಿಕ್ಕಪ್ಪನ ಗಾಡಿ, 1998ರದ್ದು. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಗೆ ಅವರು ಅದರಲ್ಲೇ ಹೋಗಿ ಬರುತ್ತಿದ್ದರು. ಹೋದ ವರ್ಷ ತಮ್ಮ ತುಮಕೂರಿನಲ್ಲಿ ಡಿಪ್ಲೊಮಾ ಸೇರಿದಾಗ ಕರೆದು ಕೀ ಕೊಟ್ಟರು. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ, ಅದಕ್ಕೇ ಈಗಲೇ ಹೇಳಿದೆ.

20 ನಿಮಿಷ ಯಾರೂ ಉತ್ತರಿಸಲಿಲ್ಲ. ಆಮೇಲೆ ಗುಬ್ಬಿ ಅತ್ತೆ ಒಂದು ಫಾರ್ವರ್ಡ್ ಹಾಕಿದರು.

“ಹಳೆ ಬೈಕ್ ಇರುವವರು ತಪ್ಪದೇ ಓದಿ. ಹೊಸ ಪೆಟ್ರೋಲ್‌ನಿಂದ ಗಾಡಿ ತಾನೇ ರೈಸ್ ಆಗುತ್ತಿದೆಯೇ? ನಿಂತಲ್ಲೇ ಆಫ್ ಆಗುತ್ತಿದೆಯೇ? ಎರಡು ಡಾಂಬರು ಗುಳಿಗೆ ಟ್ಯಾಂಕ್‌ಗೆ ಹಾಕಿ 10 ಕಿ.ಮೀ. ಓಡಿಸಿ. ಐಡ್ಲಿಂಗ್ ಸರಿಹೋಗುತ್ತದೆ, ಮೈಲೇಜ್ ಡಬಲ್. ಮೆಕ್ಯಾನಿಕ್‌ಗಳು ಇದನ್ನು ಹೇಳುವುದಿಲ್ಲ. ಹತ್ತು ಜನಕ್ಕೆ ಕಳಿಸಿ.”

ಗುಬ್ಬಿ ಅತ್ತೆ: ನೋಡು ಮಗಾ, ನಿನ್ನ ಗಾಡಿಗೆ ಸರಿಯಾಗಿ ಬಂತು. ನಾನು ಆವತ್ತಿಂದ ಹೇಳ್ತಾನೇ ಇದೀನಿ, ಈಗಿನ ಪೆಟ್ರೋಲೇ ಸರಿ ಇಲ್ಲ.

ತಿಪಟೂರು ಭಾವ: ಇದಕ್ಕೆ ಆಧಾರ ಏನು ಅತ್ತೆ? ಯಾರು ಬರೆದದ್ದು? ಯಾವ ಗಾಡಿಗೆ ಹಾಕಿ ನೋಡಿದ್ದು?

ಭಾವ ಕೇಳಿದ್ದು ಸರಿಯಾದ ಪ್ರಶ್ನೆ. ಆದರೆ ಗುಬ್ಬಿ ಅತ್ತೆ ಅವರಿಗೆ ಹೆಣ್ಣು ಕೊಟ್ಟ ಅತ್ತೆ. 31 ಜನರ ಮುಂದೆ ಅಳಿಯ ಆಧಾರ ಕೇಳಿದ್ದು ಅವರಿಗೆ ಚುಚ್ಚಿತು.

ಗುಬ್ಬಿ ಅತ್ತೆ: ಆಯ್ತಪ್ಪ. ನಾವು ಓದಿದವರಲ್ಲ. ಬಂದದ್ದನ್ನು ಹಾಕಿದೆ.

ದೊಡ್ಡಪ್ಪ: ಹಿರಿಯರು ಒಳ್ಳೆಯದಕ್ಕೆ ಹೇಳಿದಾಗ ಕೇಳಿಸಿಕೊಳ್ಳುವುದು ಮೊದಲ ಗುಣ. ಪ್ರಶ್ನೆ ಆಮೇಲೆ. ಇನ್ನು ವಾಹನದ ವಿಷಯ. ಆಯುಧಪೂಜೆ ದಿನ ಒಂದು ಸಲ ತೊಳೆದು ಕುಂಬಳಕಾಯಿ ಒಡೆದರೆ ಸಾಲದು. ದಿನಾ ಒರೆಸಬೇಕು. ಈಗಿನ ಮಕ್ಕಳಿಗೆ ಓಡಿಸುವುದು ಮಾತ್ರ ಗೊತ್ತು.

ದೊಡ್ಡಪ್ಪ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರ್ ಆಗಿದ್ದವರು. ಅವರ ಮೆಸೇಜ್‌ಗೆ ಏಳು ಜನ ಕೈ ಮುಗಿದರು. ತಮ್ಮ ಕೂಡ ಮುಗಿದ. ಅವನು ಗಾಡಿಯನ್ನು ವಾರಕ್ಕೆರಡು ಸಲ ಒರೆಸುತ್ತಾನೆ. ಅದನ್ನು ಹೇಳಲಿಲ್ಲ.

ಅಷ್ಟರಲ್ಲಿ ಶಿರಾ ಅಣ್ಣ ಬಂದರು.

ಶಿರಾ ಅಣ್ಣ: ಗಾಡಿ ಅಂದ್ರೆ ನನ್ನ ಆರ್‌ಎಕ್ಸ್ 100. ಬೆಳಿಗ್ಗೆ ಆರಕ್ಕೆ ಶಿರಾ ಗೇಟ್ ಬಿಟ್ರೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಬಿಸಿ ಇರೋವಾಗಲೇ ತಲುಪ್ತಿದ್ದೆ. ಆ ಸದ್ದು ಈಗ ಯಾವ ಗಾಡಿಯಲ್ಲಿದೆ?

ಶಿರಾ ಅಣ್ಣ: ಫೋಟೊ ಹುಡುಕ್ತಾ ಇದೀನಿ, ತಡೀರಿ.

ಫೋಟೊ ಬಂತು. ಆರ್‌ಎಕ್ಸ್ 100 ತಯಾರಿಕೆ ನಿಂತದ್ದು 1996ರಲ್ಲಿ. ಅಣ್ಣನ ಕಣ್ಣಲ್ಲಿ ಅದು ಇನ್ನೂ ಓಡುತ್ತಿದೆ. ಫೋಟೊದಲ್ಲಿ ಹಿಂದೆ ಕೂತವರು ಯಾರು, ಆ ಸ್ವೆಟರ್ ಯಾರು ಹೆಣೆದದ್ದು ಅಂತ 14 ಮೆಸೇಜ್ ಬಂದವು. ನನಗೂ ಆ ಫೋಟೊ ಇಷ್ಟವಾಯಿತು. ಆದರೆ ತಮ್ಮನ ಪ್ರಶ್ನೆ ಮೇಲೆ ಎಲ್ಲೋ ಹೋಗಿಬಿಟ್ಟಿತ್ತು.

ಆಗ ನಾನು ಬರೆದೆ. ನನಗೆ ಗಾಡಿ ಕೆಲಸ ಸ್ವಲ್ಪ ಗೊತ್ತು. ಚಿಕ್ಕಪ್ಪ ಭಾನುವಾರ ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್‌ಗೆ ಬಿಡುವ ಭಾಗ) ಬಿಚ್ಚುವಾಗ ಟಾರ್ಚ್ ಹಿಡಿದು ಕೂರುತ್ತಿದ್ದವಳು ನಾನು.

ನಾನು: ಡಾಂಬರು ಗುಳಿಗೆ ಹಾಕಬೇಡ. ಅದು ಪೆಟ್ರೋಲ್‌ನಲ್ಲಿ ಕರಗುತ್ತೆ, ನಿಜ. ಆದರೆ ಗಾಡಿ ನಿಂತು ಕಾರ್ಬುರೇಟರ್ ಒಳಗಿನ ಪೆಟ್ರೋಲ್ ಆರಿದಾಗ ಮತ್ತೆ ಹರಳಾಗುತ್ತೆ. ಎಕ್ಸಲೇಟರ್ ಬಿಟ್ಟಾಗ ಪೆಟ್ರೋಲ್ ಬರೋದು ಸ್ಲೋ ಜೆಟ್‌ನಿಂದ, ಅದರ ತೂತು ಅರ್ಧ ಮಿಲಿಮೀಟರ್ ಕೂಡ ಇಲ್ಲ. ಅಲ್ಲಿ ಕಟ್ಟಿಕೊಂಡರೆ ಐಡ್ಲಿಂಗ್, ಅಂದ್ರೆ ಗಾಡಿ ನಿಂತಾಗ ಇಂಜಿನ್ ಓಡೋದು, ಇನ್ನೂ ಕೆಡುತ್ತೆ. ಮೊದಲು ಹ್ಯಾಂಡಲ್ ನೇರ ಇಟ್ಟು ನೋಡು, ತಿರುಗಿಸಿ ನೋಡು. ಏನಾಗುತ್ತೆ ಹೇಳು.

ತಿಪಟೂರು ಭಾವ: ಗುಳಿಗೆ ಬಿಡಿ. ಆದರೆ ಅತ್ತೆ ಹೇಳಿದ ಈಗಿನ ಪೆಟ್ರೋಲ್, ಅದಕ್ಕೆ ಬೆರೆಸುವ ಎಥನಾಲ್ ವಿಷಯ ಅಷ್ಟು ಸುಲಭವಾಗಿ ತಳ್ಳಿಹಾಕಬಾರದು.

ಇಲ್ಲಿ ನಾನು ತಪ್ಪು ಮಾಡಿದೆ. ಭಾವನ ಜೊತೆ ಎಥನಾಲ್ ಮಾತಿಗೆ ಇಳಿದೆ. ಅದರಲ್ಲಿ ಹುರುಳಿಲ್ಲ ಅಂತಲ್ಲ. ಈಗ ಪೆಟ್ರೋಲ್‌ಗೆ 20% ಎಥನಾಲ್ (ಮದ್ಯಸಾರ) ಸೇರಿಸುತ್ತಾರೆ. ಎಥನಾಲ್ ಒಳಗೇ ಆಮ್ಲಜನಕ ಇರುವುದರಿಂದ ಅದನ್ನು ಉರಿಸಲು ಗಾಳಿ ಕಡಿಮೆ ಸಾಕು. 2020ರ ಏಪ್ರಿಲ್ ನಂತರದ, ಬಿಎಸ್6 ಹೊಗೆ ನಿಯಮದ ಹೆಚ್ಚಿನ ಬೈಕ್‌ಗಳಲ್ಲಿ ಫ್ಯುಯಲ್ ಇಂಜೆಕ್ಷನ್ ಇದೆ, ಸೆನ್ಸರ್ ನೋಡಿ ಪೆಟ್ರೋಲ್ ಅಳತೆ ಸರಿ ಮಾಡಿಕೊಳ್ಳುತ್ತದೆ. ಹಳೆ ಕಾರ್ಬುರೇಟರ್‌ಗೆ ಕಣ್ಣಿಲ್ಲ. ಜೆಟ್ ತೂತು ಎಷ್ಟಿದೆಯೋ ಅಷ್ಟೇ ಬಿಡುತ್ತದೆ. ಅಲ್ಲದೆ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕ್ ತುಕ್ಕು ಹಿಡಿಯಬಹುದು, ಹಳೆ ರಬ್ಬರ್ ಬೇಗ ಹಾಳಾಗಬಹುದು. ಇದೆಲ್ಲ ಸರಿ. ಆದರೆ ಪೆಟ್ರೋಲ್ ಕಾರಣವಾದರೆ ಗಾಡಿ ಎಲ್ಲಿ ನಿಂತರೂ ಒಂದೇ ಥರ ಕಾಡಬೇಕು. ಸಿಗ್ನಲ್‌ನಲ್ಲಿ ಒಂದು, ಮನೆ ಮುಂದೆ ಇನ್ನೊಂದು ಯಾಕೆ?

ಇದನ್ನು ನಾನು ಬರೆಯುತ್ತಿರುವಾಗಲೇ ದೊಡ್ಡಪ್ಪ ಬೇರೆ ದಾರಿ ಹಿಡಿದಿದ್ದರು.

ದೊಡ್ಡಪ್ಪ: ಅಷ್ಟು ಹಳೆ ಗಾಡಿಯನ್ನು ಹುಡುಗನಿಗೆ ಕೊಟ್ಟದ್ದೇ ಸರಿಯಲ್ಲ. ಗುಜರಿಗೆ ಹಾಕುವ ವಯಸ್ಸು ಅದಕ್ಕೆ.

ಚಿಕ್ಕಪ್ಪ ಗುಂಪಿನಲ್ಲಿ ಬರೆಯುವುದೇ ಕಡಿಮೆ. ಹಬ್ಬಕ್ಕೆ ಒಂದು ಶುಭಾಶಯ, ಅಷ್ಟೇ. ಅವತ್ತು ಬರೆದರು.

ಚಿಕ್ಕಪ್ಪ: ಆರ್‌ಸಿ 2028ರವರೆಗೆ ಮಾಡಿಸಿ ಕೊಟ್ಟಿದ್ದೇನೆ ಅಣ್ಣ. ಕೊಟ್ಟ ದಿನ ಗಾಡಿ ಚೆನ್ನಾಗಿತ್ತು.

ಗುಬ್ಬಿ ಅತ್ತೆ: ಗಾಡಿ ಕೊಡೋದು, ಮಾರೋದು ನಿನ್ನಿಷ್ಟ ಅಲ್ವಾ. ಅಪ್ಪನ ಯಜ್ಡಿ ಮಾರುವಾಗ ಯಾರನ್ನು ಕೇಳಿದ್ದೆ?

ಅಯ್ಯೋ, ಯಜ್ಡಿ. ತಾತನ ಯಜ್ಡಿ ಬೈಕ್ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಮಾಡಿದ್ದು. ಕಿಕ್ ಹೊಡೆಯುವ ಕಡ್ಡಿಯನ್ನೇ ಮಡಚಿದರೆ ಗೇರ್ ಕಡ್ಡಿಯಾಗುತ್ತಿತ್ತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆಮೇಲೆ ಪಾರ್ಟ್ಸ್ ಸಿಗುವುದು ಕಷ್ಟ ಎಂದು ಚಿಕ್ಕಪ್ಪ ಅದನ್ನು ಕೊಟ್ಟು, ಮೇಲೆ ಸಾಲ ಮಾಡಿ ಈ ಸ್ಪ್ಲೆಂಡರ್ ತೆಗೆದುಕೊಂಡರು. ಅದು ಅತ್ತೆಗೆ ಇವತ್ತಿಗೂ ನೋವು. ತಾತ ಅವರನ್ನು ಅದರ ಟ್ಯಾಂಕ್ ಮೇಲೆ ಕೂರಿಸಿಕೊಂಡು ಹೆಬ್ಬೂರು ಸಂತೆಗೆ ಕರೆದುಕೊಂಡು ಹೋಗುತ್ತಿದ್ದರಂತೆ.

ಅಲ್ಲಿಂದ ಮುಂದೆ ಬೈಕ್ ರಿಪೇರಿ ಮಾತು ನಿಂತಿತು. ಯಜ್ಡಿಗೆ ಎಷ್ಟು ಬಂತು, ಯಾರ ಮದುವೆಗೆ ಯಾರು ಎಷ್ಟು ಕೊಟ್ಟರು, ಭಾವ ಅತ್ತೆಗೆ ಹಾಗೆ ಹೇಳಬಾರದಿತ್ತು, ಭಾವ ಹೇಳಿದ್ದರಲ್ಲಿ ಏನು ತಪ್ಪು. ಬರೀ ಇದೇ. ಚಿಕ್ಕಪ್ಪ ಮತ್ತೆ ಬರೆಯಲಿಲ್ಲ.

ರಾತ್ರಿ 11ಕ್ಕೆ ತಮ್ಮ ಫೋನ್ ಮಾಡಿದ.

“ಅಕ್ಕ, ಗುಂಪಲ್ಲಿ ಹೇಳಲಿಲ್ಲ. ಹೋದ ಭಾನುವಾರ ದೇವರಾಯನದುರ್ಗಕ್ಕೆ ಹೋಗಿದ್ವಿ. ಇಳಿಯುವಾಗ ಒಂದು ತಿರುವಿನಲ್ಲಿ ಎಕ್ಸಲೇಟರ್ ಪೂರ್ತಿ ಬಿಟ್ಟಿದ್ದೆ. ಆದ್ರೂ ಗಾಡಿ ತಳ್ಳಿಕೊಂಡು ಹೋಯ್ತು.”

ನನ್ನ ಕೈ ತಣ್ಣಗಾಯಿತು. ಏನು ಮಾಡಿದೆ ಎಂದು ಕೇಳಿದೆ. ಕ್ಲಚ್ ಹಿಡಿದು, ಬ್ರೇಕ್ ಒತ್ತಿ, ಕೀ ಆಫ್ ಮಾಡಿದನಂತೆ. ಸರಿಯಾದದ್ದನ್ನೇ ಮಾಡಿದ್ದಾನೆ. ಯಾರೂ ಹೇಳಿಕೊಟ್ಟಿರಲಿಲ್ಲ.

“ನಾನು ಕೇಳಿದ್ದು ನೋಡಿದೆಯಾ? ಹ್ಯಾಂಡಲ್ ತಿರುಗಿಸಿ ನೋಡು ಅಂದಿದ್ದೆ.”

“ಉತ್ತರ ಹಾಕಿದೀನಲ್ಲ ಅಕ್ಕ.”

ಫೋನ್ ಇಟ್ಟು ಗುಂಪಿನಲ್ಲಿ ಮೇಲಕ್ಕೆ ಹುಡುಕಿಕೊಂಡು ಹೋದೆ. ದೊಡ್ಡಪ್ಪನ ಗುಜರಿ ಮಾತಿಗೂ ಅತ್ತೆಯ ಯಜ್ಡಿ ಮಾತಿಗೂ ನಡುವೆ ಇತ್ತು.

ತಮ್ಮ: ಎಡಕ್ಕೆ ತಿರುಗಿಸಿದ್ರೆ ಜಾಸ್ತಿ.

ಮೂರೇ ಮಾತು. ಅದಕ್ಕೆ ಒಬ್ಬರೂ ಉತ್ತರಿಸಿಲ್ಲ. ನಾನೂ ನೋಡಿಲ್ಲ. ಅದೇ ಹೊತ್ತಿಗೆ ನಾನು ಭಾವನಿಗೆ ಆಮ್ಲಜನಕದ ಪಾಠ ಹೇಳುತ್ತಿದ್ದೆ.

ಆ ಮೂರು ಮಾತಿನಲ್ಲಿ ಎಲ್ಲ ಇತ್ತು. ಹ್ಯಾಂಡಲ್ ತಿರುಗಿಸಿದಾಗ ಇಂಜಿನ್ ಸದ್ದು ಏರಿದರೆ ಪೆಟ್ರೋಲ್ ಅಲ್ಲ, ಜೆಟ್ ಅಲ್ಲ, ಪ್ಲಗ್ ಅಲ್ಲ. ಎಕ್ಸಲೇಟರ್ ಕೇಬಲ್ ಎಳೆಯುತ್ತಿದೆ ಎಂದೇ ಅರ್ಥ. ಹಳೆ ಗಾಡಿ ಇರುವವರೆಲ್ಲ ಇದನ್ನು ಒಂದು ಸಲ ನೋಡಿಕೊಳ್ಳಿ. ಒಂದು ನಿಮಿಷದ ಕೆಲಸ, ಸ್ಪ್ಯಾನರ್ ಬೇಡ. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಸದ್ದು ಒಂದೇ ಸಮ ಇರಬೇಕು. ಇಂಜಿನ್ ಆಫ್ ಮಾಡಿ ಎಕ್ಸಲೇಟರ್ ತಿರುಗಿಸಿ ಬಿಡಿ. ಹ್ಯಾಂಡಲ್ ಯಾವ ಕಡೆ ಇದ್ದರೂ ಅದು ಟಪ್ ಅಂತ ತಾನೇ ವಾಪಸ್ ಬರಬೇಕು. ಹಿಡಿಯಲ್ಲಿ 2ರಿಂದ 6 ಮಿಲಿಮೀಟರ್ ಸಡಿಲ ಇರಬೇಕು.

ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ರೈಲು ಹತ್ತಿದೆ. ತಮ್ಮನ ರೂಮಿನ ಮುಂದೆ ಸ್ಪ್ಲೆಂಡರ್ ನಿಂತಿತ್ತು. ಪಕ್ಕದಲ್ಲಿ ಚಿಕ್ಕಪ್ಪ ನಿಂತಿದ್ದರು. ಯಾರೂ ಕರೆದಿರಲಿಲ್ಲ. ಕೈಯಲ್ಲಿ ಅವರ ಹಳೆ ಡಬ್ಬಿ ಇತ್ತು, ವಾಚ್ ಬಿಚ್ಚುವ ಸಣ್ಣ ಸ್ಕ್ರೂಡ್ರೈವರ್‌ಗಳದ್ದು.

“ಎಡಕ್ಕೆ ತಿರುಗಿಸಿದ್ರೆ ಅಂತ ಬರೆದಿದ್ನಲ್ಲ,” ಎಂದರು. ಅವರು ಓದಿದ್ದರು. ಅಷ್ಟು ಮಾತಿನ ನಡುವೆ ಅದನ್ನು ಓದಿದ್ದು ಅವರೊಬ್ಬರೇ.

ಟ್ಯಾಂಕ್ ಎತ್ತಿದೆವು. ಎರಡು ತಿಂಗಳ ಹಿಂದೆ ಗಾಡಿ ಬಿದ್ದು ಹ್ಯಾಂಡಲ್ ಸೊಟ್ಟಗಾಗಿತ್ತು. ಬದಲಾಯಿಸಿದ ಗ್ಯಾರೇಜಿನವರು ಕೇಬಲ್ಲನ್ನು ಹೋಗಬೇಕಾದ ದಾರಿ ಬಿಟ್ಟು ಫ್ರೇಮ್‌ನ ಆಚೆ ಬದಿಯಿಂದ ಎಳೆದಿದ್ದರು. ಎಡಕ್ಕೆ ತಿರುಗಿಸಿದಾಗ ಅದು ಬಿಗಿಯಾಗುತ್ತಿತ್ತು. ಒಂದು ಕಡೆ ಕೇಬಲ್‌ನ ಹೊರಕವಚ ಉಜ್ಜಿ ಒಳಗಿನ ತಂತಿ ಕಾಣುತ್ತಿತ್ತು.

ಆದರೆ ಸಿಗ್ನಲ್‌ನಲ್ಲಿ ಆಫ್ ಆಗುವುದೇಕೆ? ಚಿಕ್ಕಪ್ಪ ಏನೂ ಹೇಳದೆ ಗಾಡಿಗೆ ಸೈಡ್ ಸ್ಟ್ಯಾಂಡ್ ಹಾಕಿ ತೋರಿಸಿದರು. ಹ್ಯಾಂಡಲ್ ತಾನಾಗಿ ಎಡಕ್ಕೆ ವಾಲಿತು. ಆಗ ನನಗೆ ಹೊಳೆಯಿತು. ಗ್ಯಾರೇಜಿನಲ್ಲಿ ಗಾಡಿ ಹೀಗೇ ನಿಂತಿತ್ತು. ಕೇಬಲ್ ಎಳೆದು ರೈಸ್ ಆಗುತ್ತಿತ್ತು. ಐಡ್ಲಿಂಗ್ ಜಾಸ್ತಿ ಇದೆ ಎಂದು ಅವರು ಐಡ್ಲಿಂಗ್ ಸ್ಕ್ರೂ ಇಳಿಸಿದ್ದಾರೆ. ರೋಡಿನಲ್ಲಿ ಹ್ಯಾಂಡಲ್ ನೇರವಾದ ತಕ್ಷಣ ಆ ಅಳತೆ ತೀರಾ ಕಡಿಮೆ. ಸಿಗ್ನಲ್‌ನಲ್ಲಿ ಉಸಿರು ನಿಲ್ಲುತ್ತದೆ. ಎರಡು ಕಾಯಿಲೆ ಅಂದುಕೊಂಡಿದ್ದೆವು. ಇದ್ದದ್ದು ಒಂದೇ.

ಹೊಸ ಕೇಬಲ್ ಹಾಕಿ ಸರಿಯಾದ ದಾರಿಯಲ್ಲಿ ಬಿಟ್ಟೆವು. ಇಂಜಿನ್ ಬಿಸಿಯಾದ ಮೇಲೆ ಚಿಕ್ಕಪ್ಪ ಐಡ್ಲಿಂಗ್ ಕೂರಿಸಿದರು. ಆ ಗಾಡಿಗೆ 1400 ಆರ್‌ಪಿಎಂ ಹೇಳುತ್ತಾರೆ. ಮೀಟರ್ ಇಲ್ಲ, ಅವರು ಕಿವಿಯಲ್ಲೇ ಕೂರಿಸುತ್ತಾರೆ. ಕಾರ್ಬುರೇಟರ್ ಬಿಚ್ಚಲೇ ಇಲ್ಲ. ಎಕ್ಸಲೇಟರ್ ಬಿಟ್ಟಾಗ ಸದ್ದು ಸ್ವಲ್ಪ ನಿಧಾನವಾಗಿ ಇಳಿಯುತ್ತದೆ ಎಂದು ಅವರಿಗೆ ಅನಿಸಿತು. ಕಾರ್ಬುರೇಟರ್‌ಗೂ ಇಂಜಿನ್ ಹೆಡ್‌ಗೂ ನಡುವಿನ ರಬ್ಬರ್ ಓ-ರಿಂಗ್ ಗಟ್ಟಿಯಾಗಿ ಗಾಳಿ ಎಳೆಯುತ್ತಿರಬೇಕು. ಅದನ್ನು ತರಿಸುತ್ತಿದ್ದೇವೆ. ಅಲ್ಲಿಯವರೆಗೆ ದೇವರಾಯನದುರ್ಗದ ಕಡೆ ಹೋಗಬಾರದು ಎಂದು ತಮ್ಮನಿಗೆ ಹೇಳಿದರು. ಅವನು ಒಪ್ಪಿದ.

ಹ್ಯಾಂಡಲ್ ಎರಡೂ ಕಡೆ ತಿರುಗಿಸುವ ವಿಡಿಯೊ ಮಾಡಿ ಗುಂಪಿಗೆ ಹಾಕಿದೆ. ಗಾಡಿ ಹೀಗೆ ತಳ್ಳಿಕೊಂಡು ಹೋಗಿತ್ತು, ಕಾರಣ ಇದು, ಎಲ್ಲರೂ ನಿಮ್ಮ ಗಾಡಿ ನೋಡಿಕೊಳ್ಳಿ ಎಂದು ಕೆಳಗೆ ಬರೆದೆ. ಭಾವ ಹೆಬ್ಬೆರಳು ಎತ್ತಿದರು. ಶಿರಾ ಅಣ್ಣ ಆರ್‌ಎಕ್ಸ್ ಕೇಬಲ್ಲೇ ಬೇರೆ ಎಂದರು. ದೊಡ್ಡಪ್ಪ ಗುಂಪಿನಲ್ಲಿ ಬರೆಯಲಿಲ್ಲ, ಚಿಕ್ಕಪ್ಪನಿಗೆ ಫೋನ್ ಮಾಡಿ ಹುಡುಗನಿಗೆ ಏನೂ ಆಗಿಲ್ಲವಲ್ಲ ಎಂದು ಎರಡು ಸಲ ಕೇಳಿದರು.

ಅತ್ತೆಯ ಮೆಸೇಜ್ ನನಗೆ ಬೇರೆಯಾಗಿ ಬಂತು.

“ಪುಟ್ಟಿ, ನಿನ್ನೆ ರಾತ್ರಿ ನಮ್ಮ ಹುಡುಗನ ಗಾಡಿಗೆ ಎರಡು ಗುಳಿಗೆ ಹಾಕಿಸಿಬಿಟ್ಟೆ. ಇನ್ನೂ ಸ್ಟಾರ್ಟ್ ಮಾಡಿಲ್ಲ. ಏನಾದ್ರೂ ಆಗುತ್ತಾ? ಚಿಕ್ಕಪ್ಪನಿಗೆ ಹೇಳಬೇಡ.”

ಚಿಕ್ಕಪ್ಪ ನನ್ನ ಪಕ್ಕದಲ್ಲೇ ಕೂತು ಕೈ ಒರೆಸಿಕೊಳ್ಳುತ್ತಿದ್ದರು. ಕನ್ನಡಕ ಹಾಕಿಕೊಂಡು ಓದಿದರು. ಡಬ್ಬಿ ಮುಚ್ಚಿದರು.

“ಪೆಟ್ರೋಲ್ ಕಾಕ್ ಆಫ್ ಮಾಡಿಡಲಿ, ಕಿಕ್ ಹೊಡೀಬೇಡಿ ಅಂತ ಹೇಳು. ಟ್ಯಾಂಕ್‌ನಲ್ಲಿ ಎಷ್ಟು ಪೆಟ್ರೋಲ್ ಇದೆ ಕೇಳು. ಒಂದು ಖಾಲಿ ಕ್ಯಾನ್ ತೊಳೆದಿಟ್ಟಿರಲಿ,” ಎಂದರು. “ಗುಬ್ಬಿಗೆ ಅರ್ಧ ಗಂಟೆ. ಈಗಲೇ ಹೋಗಿ ಬರೋಣ.”