ಇಂಗ್ಲಿಷಿನಲ್ಲಿ ಊಟ, ಪಾನೀಯಗಳ ಇಷ್ಟಾನಿಷ್ಟ: 'ಲೈಕ್', 'ವುಡ್ ಲೈಕ್', 'ಪ್ರಿಫರ್' ಇವುಗಳ ವ್ಯತ್ಯಾಸವೇನು?

ಪ್ರಶ್ನೆ (ಹೊಸ ಕಲಿಕಾರ್ಥಿ)

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲಿಷನ್ನು ಮೊದಲ ಹಂತದಿಂದ ಕಲಿಯುತ್ತಿದ್ದು, ಈಗ ತಿನ್ನುವ ಮತ್ತು ಕುಡಿಯುವ ಪದಾರ್ಥಗಳ ಬಗ್ಗೆ ಇಷ್ಟಾನಿಷ್ಟಗಳನ್ನು ಹೇಳುವ ಪಾಠಕ್ಕೆ ಬಂದಿದ್ದೇನೆ. ಅಭ್ಯಾಸದಲ್ಲಿ 'ಐ ಲೈಕ್ ಟೀ', 'ಐ ವುಡ್ ಲೈಕ್ ಸಮ್ ಟೀ', 'ಐ ಪ್ರಿಫರ್ ಟೀ' ಎಂಬ ಮೂರು ವಾಕ್ಯಗಳು ಒಂದರ ಕೆಳಗೊಂದು ಬಂದಿವೆ. ಮೂರನ್ನೂ ಓದಿದಾಗ ಟೀ ಇಷ್ಟ ಎಂಬ ಒಂದೇ ಅರ್ಥ ಹೊಳೆಯುತ್ತದೆ. ಇವುಗಳಲ್ಲಿ ಯಾವುದನ್ನು ಯಾವ ಸಂದರ್ಭದಲ್ಲಿ ಬಳಸಬೇಕು?

ಇನ್ನೆರಡು ಸಂದೇಹಗಳಿವೆ. 'ಐ ಲೈಕ್ ಮಿಲ್ಕ್' ಎನ್ನುವಾಗ 'ಮಿಲ್ಕ್' ಏಕವಚನದಲ್ಲಿದೆ, 'ಐ ಲೈಕ್ ಆ್ಯಪಲ್ಸ್' ಎನ್ನುವಾಗ ಬಹುವಚನ ಬಂದಿದೆ, ಇದಕ್ಕೆ ನಿಯಮವೇನು? ಹಾಗೆಯೇ 'ಶಿ ಲೈಕ್ಸ್ ಮಿಲ್ಕ್' ಎಂಬಲ್ಲಿ ಕಾಣಿಸುವ 'ಎಸ್', 'ಶಿ ಡಸಂಟ್ ಲೈಕ್ ಮಿಲ್ಕ್' ಎಂಬಲ್ಲಿ 'ಲೈಕ್'ನಿಂದ ಏಕೆ ಬಿಟ್ಟುಹೋಗುತ್ತದೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ವ್ಯಾಕರಣಾಸಕ್ತ)

ನಿಮ್ಮ ಮೊದಲನೆಯ ಮತ್ತು ಕೊನೆಯ ಸಂದೇಹಗಳ ಬೇರು ಒಂದೇ ಕಡೆ ಇದೆ, ಆದ್ದರಿಂದ ಅವೆರಡನ್ನೂ ಸೇರಿಸಿ ಉತ್ತರಿಸುತ್ತೇನೆ. ಕನ್ನಡದಲ್ಲಿ 'ನನಗೆ ಟೀ ಇಷ್ಟ' ಎನ್ನುವಾಗ ಇಷ್ಟಪಡುವ ವ್ಯಕ್ತಿಯನ್ನು ಚತುರ್ಥೀ ವಿಭಕ್ತಿಯಲ್ಲಿ ಹೇಳುತ್ತೇವೆ. ನನಗೆ, ನಿನಗೆ, ಅವಳಿಗೆ, ಅವರಿಗೆ ಎಂದು ವ್ಯಕ್ತಿ ಬದಲಾಗುತ್ತಾ ಹೋದರೂ 'ಇಷ್ಟ' ಎಂಬ ಪದ ಇದ್ದಲ್ಲೇ ಇದ್ದಂತೆಯೇ ಇರುತ್ತದೆ. 'ಬೇಕು', 'ಬೇಡ' ಎಂಬವುಗಳಿಗೂ ಇದೇ ರೀತಿ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಇಷ್ಟಪಡುವವರೇ ವಾಕ್ಯದ ಕರ್ತೃ, 'ಲೈಕ್' ಎಂಬುದು ಕ್ರಿಯಾಪದ, ಇಷ್ಟವಾದ ಪದಾರ್ಥ ಕರ್ಮ. ಮೂರೂ ಇದೇ ಕ್ರಮದಲ್ಲಿ ಬರಬೇಕು. 'ನನಗೆ' ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು 'ಟು ಮಿ' ಎಂದು ಆರಂಭಿಸಿದರೆ ವಾಕ್ಯ ಮುಂದಕ್ಕೆ ಸಾಗುವುದೇ ಇಲ್ಲ. ಪದಗಳ ಸ್ಥಾನ ಅದಲುಬದಲಾಗಿ 'ಟೀ ಲೈಕ್ಸ್ ಮಿ' ಎಂದಾದರೆ, ಟೀಯೇ ನಿಮ್ಮನ್ನು ಇಷ್ಟಪಡುತ್ತದೆ ಎಂದಾಗುತ್ತದೆ. 'ಐ ಆ್ಯಮ್ ಲೈಕ್ ಟೀ' ಎಂಬುದೂ ಸಲ್ಲದು. 'ಆ್ಯಮ್' ಸೇರಿದ ಕೂಡಲೇ 'ಲೈಕ್' ಎಂಬುದಕ್ಕೆ 'ಹಾಗೆ' ಎಂಬ ಅರ್ಥ ಬಂದು, ನಾನು ಟೀಯ ಹಾಗೆ ಇದ್ದೇನೆ ಎಂದು ಕೇಳಿಸುತ್ತದೆ.

ಕ್ರಿಯಾಪದ ಕರ್ತೃವನ್ನು ಅನುಸರಿಸುವುದರಿಂದಲೇ 'ಎಸ್' ಬರುತ್ತದೆ. ಐ, ಯು, ವಿ, ದೇ ಎಂಬವುಗಳ ಜೊತೆ 'ಲೈಕ್'. ಹಿ, ಶಿ, ಇಟ್ ಅಥವಾ ಒಬ್ಬರ ಹೆಸರಿನ ಜೊತೆ 'ಲೈಕ್ಸ್'. ನಿಷೇಧ ಅಥವಾ ಪ್ರಶ್ನೆ ಮಾಡುವಾಗ 'ಡು' ಎಂಬ ಸಹಾಯಕ ಕ್ರಿಯಾಪದ ಬರುತ್ತದೆ, ಮತ್ತು ಕರ್ತೃವನ್ನು ಅನುಸರಿಸುವ ಕೆಲಸವನ್ನು ಅದೇ ವಹಿಸಿಕೊಳ್ಳುತ್ತದೆ. ಅಂದರೆ ನೀವು ಹುಡುಕುತ್ತಿರುವ 'ಎಸ್' ಕಳೆದುಹೋಗಿಲ್ಲ, 'ಡಸ್' ಎಂಬುದರೊಳಗೆ ಸೇರಿಕೊಂಡಿದೆ. 'ಡಸ್ ಶಿ ಲೈಕ್ ಮಿಲ್ಕ್?', 'ಶಿ ಡಸಂಟ್ ಲೈಕ್ ಮಿಲ್ಕ್' ಎಂಬಲ್ಲಿ ಒಮ್ಮೆ ಅದು ಬಂದಿರುವುದರಿಂದ 'ಲೈಕ್' ಮೂಲರೂಪದಲ್ಲೇ ಉಳಿಯುತ್ತದೆ. ಕನ್ನಡದ 'ಇಷ್ಟ' ಬದಲಾಗದ ಪದವಾದ ಕಾರಣ ನಮ್ಮ ಕಿವಿ ಈ ಬದಲಾವಣೆಯನ್ನು ನಿರೀಕ್ಷಿಸುವುದಿಲ್ಲ. ಆದ್ದರಿಂದ ನಿಯಮವನ್ನು ಬಾಯಿಪಾಠ ಮಾಡುವುದಕ್ಕಿಂತ 'ಡಸ್ ಶಿ ಲೈಕ್', 'ಶಿ ಡಸಂಟ್ ಲೈಕ್' ಎಂಬ ಜೋಡಿಗಳನ್ನು ಗಟ್ಟಿಯಾಗಿ ಹೇಳಿ ಕಿವಿಗೆ ರೂಢಿ ಮಾಡಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಇನ್ನು 'ಲೈಕ್' ಮತ್ತು 'ವುಡ್ ಲೈಕ್' ವಿಚಾರ. ಇಲ್ಲಿ ಕನ್ನಡವೇ ನಿಮಗೆ ನೆರವಾಗುತ್ತದೆ, ಏಕೆಂದರೆ ನಾವು 'ಇಷ್ಟ' ಮತ್ತು 'ಬೇಕು' ಎಂಬೆರಡನ್ನು ಎಂದೂ ಬೆರೆಸುವುದಿಲ್ಲ. 'ಐ ಲೈಕ್ ಟೀ' ಎಂದರೆ ಟೀ ನನಗೆ ಇಷ್ಟ. ಇದು ಯಾವಾಗಲೂ ಇರುವ ರುಚಿಯ ಮಾತು. 'ಐ ವುಡ್ ಲೈಕ್ ಸಮ್ ಟೀ' ಎಂದರೆ ಈಗ ನನಗೆ ಸ್ವಲ್ಪ ಟೀ ಬೇಕು ಎಂದು ಸೌಜನ್ಯದಿಂದ ಕೇಳಿದಂತೆ. 'ಐ ವಾಂಟ್ ಸಮ್ ಟೀ' ಎಂಬುದೂ ವ್ಯಾಕರಣಕ್ಕೆ ಸರಿಯೇ, ಆದರೆ ಪರಿಚಯವಿಲ್ಲದವರ ಮುಂದೆ ಅದು ಒರಟಾಗಿ ಕೇಳಿಸುತ್ತದೆ. ಟೀ ಇಷ್ಟವಿರುವವರಿಗೂ ಈ ಹೊತ್ತಿನಲ್ಲಿ ಅದು ಬೇಡವಾಗಿರಬಹುದು: 'ಐ ಲೈಕ್ ಟೀ, ಬಟ್ ಐ ಡೋಂಟ್ ವಾಂಟ್ ಎನಿ ನೌ' ಎಂಬ ವಾಕ್ಯದಲ್ಲಿ ಯಾವ ವಿರೋಧಾಭಾಸವೂ ಇಲ್ಲ. ಅತಿಥಿಗೆ ಟೀ ಕೊಡಬೇಕೆಂದಿದ್ದರೆ 'ವುಡ್ ಯು ಲೈಕ್ ಸಮ್ ಟೀ?' ಎನ್ನಬೇಕು, 'ಡು ಯು ಲೈಕ್ ಟೀ?' ಎಂದರೆ ಅವರ ಅಭಿರುಚಿಯನ್ನು ವಿಚಾರಿಸಿದಂತಾಗುತ್ತದೆಯೇ ಹೊರತು ಟೀ ಕೊಡಲು ಮುಂದಾದಂತೆ ಆಗುವುದಿಲ್ಲ. ಸಾಮಾನ್ಯವಾಗಿ ಪ್ರಶ್ನೆಗಳಲ್ಲಿ 'ಎನಿ' ಬರುವುದಾದರೂ, ಹೀಗೆ ಏನನ್ನಾದರೂ ಕೊಡಲು ಮುಂದಾಗುವ ಪ್ರಶ್ನೆಗೆ 'ಸಮ್' ಎಂಬುದೇ ಸಹಜ.

'ವುಡ್' ಯಾವ ಕರ್ತೃವಿಗೂ ಬದಲಾಗುವುದಿಲ್ಲ. 'ಶಿ ವುಡ್ ಲೈಕ್ ಎ ಗ್ಲಾಸ್ ಆಫ್ ವಾಟರ್' ಎಂಬಲ್ಲಿ 'ಎಸ್' ಎಲ್ಲಿಯೂ ಇಲ್ಲ. ಮಾತಿನಲ್ಲಿ 'ಐ ವುಡ್' ಎಂಬುದು 'ಐಡ್' ಎಂದು ಕುಗ್ಗುತ್ತದೆ. ಆ ಕೊನೆಯ 'ಡ್' ಬಹಳ ಮೆದುವಾಗಿ ಬರುವುದರಿಂದ, ಕೇಳುವಾಗ ಗಮನವಿಟ್ಟರೆ ಮಾತ್ರ 'ಐ ಲೈಕ್' ಮತ್ತು 'ಐಡ್ ಲೈಕ್' ಬೇರೆಯಾಗಿ ತಿಳಿಯುತ್ತವೆ.

ಉತ್ತರ 2 (ಭಾಷಾಭ್ಯಾಸಿ)

ಮೇಲಿನವರು ಬಿಟ್ಟಿರುವ ನಾಮಪದಗಳ ವಿಚಾರವನ್ನು ನಾನು ಹೇಳುತ್ತೇನೆ. ಇಂಗ್ಲಿಷಿನಲ್ಲಿ ಒಂದು ಪದಾರ್ಥದ ಬಗ್ಗೆ ಸಾರ್ವತ್ರಿಕವಾಗಿ ಇಷ್ಟ ಎನ್ನುವಾಗ, ಅದು ಎಣಿಸಬಹುದಾದದ್ದಾದರೆ ಬಹುವಚನ, ಎಣಿಸಲಾಗದ್ದಾದರೆ ಏಕವಚನ. ಎರಡಕ್ಕೂ ಮೊದಲು 'ಎ' ಅಥವಾ 'ದ' ಬರುವುದಿಲ್ಲ. ಆ್ಯಪಲ್ಸ್, ಎಗ್ಸ್, ವೆಜಿಟಬಲ್ಸ್ ಒಂದು ಗುಂಪು. ಮಿಲ್ಕ್, ರೈಸ್, ಬ್ರೆಡ್, ಚೀಸ್, ವಾಟರ್ ಇನ್ನೊಂದು ಗುಂಪು. ಕನ್ನಡದಲ್ಲಿ 'ನನಗೆ ಸೇಬು ಇಷ್ಟ' ಎಂದು ಏಕವಚನದಲ್ಲೇ ಹೇಳುತ್ತೇವಾದ್ದರಿಂದ 'ಐ ಲೈಕ್ ಆ್ಯಪಲ್' ಎಂದು ಬಾಯಿಗೆ ಬರುವುದು ಸಹಜ, ಆದರೆ ಹಣ್ಣನ್ನೇ ಕುರಿತು ಹೇಳುವಾಗ 'ಆ್ಯಪಲ್ಸ್' ಎನ್ನಬೇಕು. ಬಹುವಚನದ ಪ್ರತ್ಯಯ ಅರ್ಥವನ್ನೇ ಬದಲಿಸುವ ಸಂದರ್ಭವೂ ಉಂಟು: 'ಐ ಲೈಕ್ ಚಿಕನ್' ಎಂದರೆ ಕೋಳಿಯ ಮಾಂಸ, 'ಐ ಲೈಕ್ ಚಿಕನ್ಸ್' ಎಂದರೆ ಓಡಾಡುವ ಕೋಳಿಗಳು.

'ದ' ಸೇರಿಸಿದರೆ ಮಾತು ಒಂದು ನಿರ್ದಿಷ್ಟ ಪದಾರ್ಥಕ್ಕೆ ಸೀಮಿತವಾಗುತ್ತದೆ. 'ಐ ಲೈಕ್ ಸೂಪ್' ಎಂಬುದು ಯಾವುದೇ ಸೂಪಿಗೆ ಅನ್ವಯಿಸುತ್ತದೆ, 'ಐ ಲೈಕ್ ದ ಸೂಪ್' ಎಂಬುದು ಮುಂದಿರುವ ಬಟ್ಟಲಿನ ಸೂಪಿಗೆ ಮಾತ್ರ. ಹಾಗೆಯೇ ಕಾಫಿ ಎಣಿಸಲಾಗದ ನಾಮಪದವಾದರೂ, ಬೇಕೆಂದು ಕೇಳುವಾಗ 'ಎ ಕಾಫಿ', 'ಟೂ ಕಾಫೀಸ್' ಎನ್ನುವುದು ರೂಢಿಯಲ್ಲಿದೆ. ಅಲ್ಲಿ ಎಣಿಸುತ್ತಿರುವುದು ಕಪ್ಪುಗಳನ್ನು.

ಇನ್ನೊಂದು ವಿಚಾರವನ್ನು ಆರಂಭದ ಪಾಠಗಳಲ್ಲಿ ಇನ್ನೂ ಒತ್ತಿ ಹೇಳಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. 'ಲೈಕ್' ಕ್ರಿಯಾಪದಕ್ಕೆ ಕರ್ಮ ಇರಲೇಬೇಕು. ಕನ್ನಡದಲ್ಲಿ 'ನಿಮಗೆ ಹಾಲು ಇಷ್ಟವೇ?' ಎಂದು ಕೇಳಿದರೆ 'ಹೌದು, ಇಷ್ಟ' ಎಂದರೆ ಸಾಕು. ಇಂಗ್ಲಿಷಿನಲ್ಲಿ 'ಯೆಸ್, ಐ ಲೈಕ್' ಎಂದರೆ ವಾಕ್ಯ ಅರ್ಧಕ್ಕೆ ನಿಂತಂತಾಗುತ್ತದೆ. 'ಯೆಸ್, ಐ ಡು' ಎಂದು ಚಿಕ್ಕದಾಗಿ ಹೇಳಬಹುದು, ಅಥವಾ ಸರ್ವನಾಮ ಸೇರಿಸಿ 'ಯೆಸ್, ಐ ಲೈಕ್ ಇಟ್' ಎನ್ನಬಹುದು. ಆ್ಯಪಲ್ಸ್, ನೂಡಲ್ಸ್‌ನಂತಹ ಬಹುವಚನಗಳಿಗೆ 'ಐ ಲೈಕ್ ದೆಮ್'. 'ತುಂಬಾ' ಎಂಬುದನ್ನು ಸೇರಿಸಬೇಕಾದರೆ 'ವೆರಿ ಮಚ್' ಕರ್ಮದ ನಂತರ ಬರಬೇಕು: 'ಐ ಲೈಕ್ ಮಿಲ್ಕ್ ವೆರಿ ಮಚ್'. 'ಐ ಲೈಕ್ ವೆರಿ ಮಚ್ ಮಿಲ್ಕ್' ಎಂಬುದು ತಪ್ಪು. 'ರಿಯಲಿ' ಬಳಸಿದರೆ ಅದು ಕ್ರಿಯಾಪದಕ್ಕೆ ಮೊದಲು, 'ಐ ರಿಯಲಿ ಲೈಕ್ ಮಿಲ್ಕ್' ಎಂದು ಕುಳಿತುಕೊಳ್ಳುತ್ತದೆ.

ಪ್ರಶ್ನಿಸಿದವರು (ಹೊಸ ಕಲಿಕಾರ್ಥಿ)

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. 'ಇಷ್ಟ' ಮತ್ತು 'ಬೇಕು' ಎಂಬ ಹೋಲಿಕೆಯಿಂದ ಮೊದಲೆರಡು ವಾಕ್ಯಗಳ ಅಂತರ ಸ್ಪಷ್ಟವಾಯಿತು. 'ಪ್ರಿಫರ್' ಮಾತ್ರ ಉಳಿದಿದೆ. ಕಾಫಿಗಿಂತ ಟೀ ಇಷ್ಟ ಎನ್ನುವಾಗ 'ದ್ಯಾನ್' ಬಳಸಬೇಕೇ, 'ಟು' ಬಳಸಬೇಕೇ? ಜೊತೆಗೆ, ಯಾರಾದರೂ ಕೊಡಲು ಬಂದದ್ದನ್ನು ಅವರಿಗೆ ಬೇಸರವಾಗದಂತೆ ಬೇಡ ಎನ್ನುವುದು ಹೇಗೆಂದೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 3 (ವ್ಯಾಕರಣಾಸಕ್ತ)

'ಪ್ರಿಫರ್' ಜೊತೆ 'ಟು' ಬರುತ್ತದೆ: 'ಐ ಪ್ರಿಫರ್ ಟೀ ಟು ಕಾಫಿ'. ಹೆಚ್ಚು ಇಷ್ಟವಾದದ್ದು ಮೊದಲು, ಕಡಿಮೆ ಇಷ್ಟವಾದದ್ದು 'ಟು' ನಂತರ. ಕನ್ನಡದಲ್ಲಿ 'ಕಾಫಿಗಿಂತ ಟೀ' ಎಂದು ಕಡಿಮೆ ಇಷ್ಟವಾದದ್ದೇ ಸಾಮಾನ್ಯವಾಗಿ ಮೊದಲು ಬರುವುದರಿಂದ, ಅದೇ ಕ್ರಮದಲ್ಲಿ ಇಂಗ್ಲಿಷ್ ವಾಕ್ಯ ಕಟ್ಟಿದರೆ ಅರ್ಥ ತಿರುಗುಮುರುಗಾಗುತ್ತದೆ. ಈ ಒಂದು ಎಚ್ಚರ ಬಹಳ ಮುಖ್ಯ. 'ಪ್ರಿಫರ್' ಎಂಬುದರಲ್ಲೇ 'ಹೆಚ್ಚು' ಎಂಬ ಅರ್ಥ ಅಡಗಿರುವುದರಿಂದ 'ಪ್ರಿಫರ್ ಮೋರ್' ಎನ್ನಬೇಕಾಗಿಲ್ಲ. ನಿಮ್ಮ ಅಭ್ಯಾಸದಲ್ಲಿರುವಂತೆ 'ಐ ಪ್ರಿಫರ್ ಟೀ' ಎಂದಷ್ಟೇ ಹೇಳಿದಾಗಲೂ, ಯಾವುದೋ ಇನ್ನೊಂದರ ಜೊತೆ ತೂಗಿ ನೋಡಿದ್ದೇವೆ ಎಂಬ ಸೂಚನೆ ಇರುತ್ತದೆ. ಹೋಲಿಕೆಯ ಮಾತೇ ಇಲ್ಲದ ಕಡೆ 'ಲೈಕ್' ಸಾಕು.

'ದ್ಯಾನ್' ಬೇಕಾಗುವುದು ಬೇರೆ ರಚನೆಗಳಲ್ಲಿ. 'ಐ ಲೈಕ್ ಟೀ ಮೋರ್ ದ್ಯಾನ್ ಕಾಫಿ' ಎಂಬುದು 'ಪ್ರಿಫರ್' ಇಲ್ಲದೆ ಅದೇ ಅರ್ಥ ಕೊಡುವ ಸರಳ ವಾಕ್ಯ, ಮತ್ತು ಆರಂಭದಲ್ಲಿ ಇದನ್ನೇ ಧೈರ್ಯವಾಗಿ ಬಳಸಿ ಎಂದು ನಾನು ಸಲಹೆ ಕೊಡುತ್ತೇನೆ. ಈ ಕ್ಷಣದ ಆಯ್ಕೆಯನ್ನು ಹೇಳಬೇಕಾದರೆ 'ಐಡ್ ರಾದರ್ ಹ್ಯಾವ್ ಟೀ ದ್ಯಾನ್ ಕಾಫಿ' ಎನ್ನಬಹುದು. 'ರಾದರ್' ನಂತರ ಕ್ರಿಯಾಪದದ ಮೂಲರೂಪ ಬರುತ್ತದೆ, ನಡುವೆ 'ಟು' ಸೇರುವುದಿಲ್ಲ. 'ವುಡ್ ಲೈಕ್' ನಂತರ ಕ್ರಿಯಾಪದ ಬಂದರೆ ಮಾತ್ರ 'ಟು' ಬೇಕು: 'ಐಡ್ ಲೈಕ್ ಟು ಹ್ಯಾವ್ ಟೀ'. ಅಲ್ಲಿ 'ಹ್ಯಾವಿಂಗ್' ಹೊಂದುವುದಿಲ್ಲ. ಬರಿಯ 'ಲೈಕ್' ಆದರೆ 'ಐ ಲೈಕ್ ಡ್ರಿಂಕಿಂಗ್ ಟೀ', 'ಐ ಲೈಕ್ ಟು ಡ್ರಿಂಕ್ ಟೀ' ಎರಡೂ ಸರಿ. 'ಎಂಜಾಯ್' ಆದರೆ 'ಡ್ರಿಂಕಿಂಗ್' ಎಂಬ ರೂಪ ಮಾತ್ರ ಸರಿ.

ಉತ್ತರ 4 (ಭಾಷಾಭ್ಯಾಸಿ)

ಬೇಡ ಎನ್ನುವ ಬಗೆಯನ್ನು ಕೇಳಿದ್ದೀರಿ. 'ವುಡ್ ಯು ಲೈಕ್ ಸಮ್ ಕಾಫಿ?' ಎಂಬುದಕ್ಕೆ ಒಪ್ಪಿಗೆ 'ಯೆಸ್, ಪ್ಲೀಸ್', ನಿರಾಕರಣೆ 'ನೋ, ಥ್ಯಾಂಕ್ ಯು'. ಬರಿಯ 'ನೋ' ಎಂದರೆ ಕಟುವಾಗಿ ಕೇಳಿಸುತ್ತದೆ, ಹೀಗಾಗಿ 'ಥ್ಯಾಂಕ್ ಯು' ಬಿಡಬಾರದು. ಬರಿಯ 'ಥ್ಯಾಂಕ್ ಯು' ಎಂದರೆ ಒಪ್ಪಿದಿರೋ ಬೇಡವೆಂದಿರೋ ತಿಳಿಯದೆ ಹೋಗಬಹುದು, ಆದ್ದರಿಂದ ಆರಂಭದ 'ಯೆಸ್' ಅಥವಾ 'ನೋ' ಕೂಡ ಅಗತ್ಯ. ಕಾರಣ ಹೇಳಬೇಕೆನಿಸಿದರೆ 'ಐ ಡೋಂಟ್ ಡ್ರಿಂಕ್ ಕಾಫಿ' ಎಂದು ಅಭ್ಯಾಸದ ಮಾತಾಗಿ ಹೇಳುವುದು, 'ಐ ಡೋಂಟ್ ಲೈಕ್ ಕಾಫಿ' ಎನ್ನುವುದಕ್ಕಿಂತ ಮೆದು. ಇಷ್ಟವಿಲ್ಲವೆಂದೇ ಹೇಳಬೇಕಾದಾಗಲೂ 'ಐ ಆ್ಯಮ್ ನಾಟ್ ವೆರಿ ಕೀನ್ ಆನ್ ಕಾಫಿ' ಎಂಬ ಸೌಮ್ಯ ರೂಪವಿದೆ. 'ಹೇಟ್' ಬಹಳ ತೀವ್ರವಾದ ಪದವಾದ್ದರಿಂದ ಅಡುಗೆ ಮಾಡಿದವರ ಎದುರು ಅದನ್ನು ಬಳಸದಿರುವುದು ಲೇಸು.

ಇನ್ನೊಬ್ಬರ ಅಭಿರುಚಿಗೆ ದನಿಗೂಡಿಸುವಾಗ ಅವರ ವಾಕ್ಯ ವಿಧಿಯೋ ನಿಷೇಧವೋ ಎಂಬುದನ್ನು ನೋಡಬೇಕು. 'ಐ ಲೈಕ್ ಟೀ' ಎಂದವರಿಗೆ 'ಸೋ ಡು ಐ', 'ಐ ಡೋಂಟ್ ಲೈಕ್ ಟೀ' ಎಂದವರಿಗೆ 'ನೈದರ್ ಡು ಐ'. ಕನ್ನಡದಲ್ಲಿ ಎರಡಕ್ಕೂ 'ನನಗೂ ಅಷ್ಟೇ' ಎಂಬ ಒಂದೇ ಮಾತು ಸಾಲುತ್ತದೆ. 'ಐಡ್ ಲೈಕ್ ಸಮ್ ಟೀ' ಎಂದವರ ಜೊತೆ ನಿಮಗೂ ಬೇಕಾಗಿದ್ದರೆ ಸಹಾಯಕ ಕ್ರಿಯಾಪದ ಬದಲಾಗಿ 'ಸೋ ವುಡ್ ಐ' ಎಂದಾಗುತ್ತದೆ.