ಆಂಟಿಗೆ ಎಷ್ಟು ಪೌಂಡ್ ಕೊಡ್ತೀವಿ?

ಎಲ್ಲರಿಗೂ ನಮಸ್ಕಾರ. ಹೋದ ವಾರ ಇಂಗ್ಲೆಂಡಿನ ಕನ್ನಡಿಗರ ಈ ನಮ್ಮ ಗುಂಪಿನಲ್ಲಿ ಒಬ್ಬರ ಮಕ್ಕಳನ್ನು ಒಬ್ಬರು ನೋಡಿಕೊಳ್ಳುವ ಮಾತು ಬಂದಾಗ ಒಬ್ಬರು "ಬಾರ್ಟರ್ ಮಾಡ್ಕೊಳ್ಳೋಣ" ಅಂದರು. ಇನ್ನೊಬ್ಬರು "ಫ್ರೀ ಸರ್ವಿಸ್ ಯಾಕೆ ಕೊಡ್ಬೇಕು" ಅಂದರು. ಮತ್ತೊಬ್ಬರು ಗಂಟೆಗೆ ಇಷ್ಟು ಪಾಯಿಂಟ್ ಅಂತ ಲೆಕ್ಕ ಇಡುವ ಆಪ್ ಕಳಿಸಿದರು. ಆಗ ನಾನು ಸುಮ್ನಿದ್ದೆ. ಈಗ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಹೀಗೆ ಒಬ್ಬರಿಗೊಬ್ಬರು ಆಗುವುದಕ್ಕೆ ನಮ್ಮಲ್ಲೇ ಮುಯ್ಯಿ ಅಂತ ಒಂದು ಒಳ್ಳೆಯ ಪದ ಇದೆ, ಅದನ್ನು ನಾವು ಊರಲ್ಲೇ ಬಿಟ್ಟು ಬಂದಿದ್ದೇವೆ.

ಮಂಗಳವಾರ, ಗುರುವಾರ ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಆರು ಗಂಟೆ. ಮಗನ ಶಾಲೆ ಮೂರೂಕಾಲಿಗೇ ಬಿಡುತ್ತದೆ. ಎರಡು ಬೀದಿ ಆಚೆ ಇರುವ ಹುಬ್ಬಳ್ಳಿಯ ಗೆಳತಿ ತನ್ನ ಮಗಳ ಜೊತೆ ಇವನನ್ನೂ ಕರೆದುಕೊಂಡು ಹೋಗುತ್ತಾಳೆ. ಶನಿವಾರ ಅವಳಿಗೆ ಡ್ಯೂಟಿ, ಆಗ ಮಗಳು ನಮ್ಮ ಮನೆಯಲ್ಲಿ. ಶುರುವಿನಲ್ಲಿ ನನಗೆ ಸಂಕೋಚ ಆಗಿ ಅವಳ ರೊಟ್ಟಿ ಡಬ್ಬಿ ವಾಪಸ್ ಕೊಡುವಾಗ ಒಳಗೆ 20 ಪೌಂಡಿನ ನೋಟು ಇಟ್ಟಿದ್ದೆ. ಮಾರನೇ ದಿನ ಆ ನೋಟು ಮಗನ ಬ್ಯಾಗಿನಲ್ಲಿ ಶೇಂಗಾ ಚಟ್ನಿಪುಡಿ ಪೊಟ್ಟಣದ ಜೊತೆ ಮಡಚಿಕೊಂಡು ಬಂತು. ಸಂಜೆ ಫೋನ್ ಮಾಡಿ ಅಂದಳು: "ಅಕ್ಕಾ, ರೊಕ್ಕ ಕೊಟ್ರ ನಾ ಕೆಲಸದಾಕಿ ಆಗ್ತೀನಿ. ಹಂಗ ಮಾಡಬ್ಯಾಡ್ರಿ."

ಮಗ ಕೇಳಿಸಿಕೊಂಡಿದ್ದ. ಅವನಿಗೆ ಏಳು ವರ್ಷ. "ಆಂಟಿಗೆ ಎಷ್ಟು ಪೌಂಡ್ ಕೊಡ್ತೀವಿ?" ಅಂದ. ಏನೂ ಇಲ್ಲ ಅಂದೆ. "ಹಾಗಾದ್ರೆ ಫ್ರೀನಾ?" ಅಂದ. ಫ್ರೀ ಅಲ್ಲ. ಆದರೆ ಮತ್ತೇನು ಅಂತ ಅವನಿಗೆ ಹೇಳಲು ನನಗೆ ತಕ್ಷಣ ಮಾತು ಸಿಗಲಿಲ್ಲ. ಅವನಿಗೆ ಗೊತ್ತಿರುವುದು ಸ್ವಾಪ್. ಶಾಲೆಯಲ್ಲಿ ಪೋಕೆಮಾನ್ ಕಾರ್ಡ್ ಒಂದು ಕೊಟ್ಟು ಒಂದು ತೆಗೆದುಕೊಂಡರೆ ಅಲ್ಲಿಗೆ ಮುಗಿಯಿತು.

ಕನ್ನಡದಲ್ಲಿ ಇಂಥದ್ದಕ್ಕೆ ಪದಗಳು ಬೇಕಾದಷ್ಟಿವೆ. ಪಾಠದ ಪುಸ್ತಕದಲ್ಲಿ ವಸ್ತು ವಿನಿಮಯ, ಪೇಟೆಯ ಮಾತಿನಲ್ಲಿ ಸಾಟಿ ವ್ಯಾಪಾರ, ಮಕ್ಕಳ ಬಾಯಲ್ಲಿ ಅದಲು ಬದಲು. ಮಾರು ಅನ್ನುವ ಪದದಲ್ಲೇ ಬದಲಾಯಿಸುವ ಅರ್ಥ ಇದೆ, ಮಾರ್ಪಾಡು, ಮಾರುತ್ತರ, ಮಾರುದನಿ ಇವನ್ನೆಲ್ಲ ನೋಡಿ. ದುಡ್ಡಿಗೆ ಕೊಡುವುದು ಅನ್ನುವುದಕ್ಕಿಂತ ಒಂದಕ್ಕೊಂದು ಕೊಡುವುದು ಅನ್ನುವುದೇ ಅದರ ಹಳೆಯ ಅರ್ಥ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದದ್ದು ನಿಮಗೂ ನೆನಪಿರಬೇಕು ಅಲ್ವಾ? ಅಮ್ಮ ನಾಲ್ಕು ಸೀರೆ, ಅಪ್ಪನ ಎರಡು ಪ್ಯಾಂಟ್ ಇಟ್ಟುಕೊಂಡು ಒಂದು ಡಬರಿಗೆ ಅರ್ಧ ಗಂಟೆ ಚೌಕಾಸಿ ಮಾಡುತ್ತಿದ್ದಳು. ಅದು ಸಾಟಿ. ಪಾತ್ರೆ ಕೈಗೆ ಬಂದಮೇಲೆ ಅವರ್ಯಾರೋ, ನಾವ್ಯಾರೋ.

ಗೆಳತಿ ಮಾಡುತ್ತಿರುವುದು ಅದಲ್ಲ. ಅದು ಮುಯ್ಯಿ.

ನಮ್ಮ ಅಜ್ಜಿಯ ಊರು ಮಂಡ್ಯದ ಕಡೆ. ನಾಟಿ ಕಾಲದಲ್ಲಿ ಇವತ್ತು ನಮ್ಮ ಗದ್ದೆಗೆ ಹತ್ತು ಮನೆಯ ಹೆಂಗಸರು ಬಂದರೆ, ಮುಂದಿನ ಹತ್ತು ದಿನದಲ್ಲಿ ನಮ್ಮ ಮನೆಯಿಂದ ಒಬ್ಬರು ಆ ಹತ್ತೂ ಗದ್ದೆಗೆ ಹೋಗಬೇಕು. ಕೂಲಿ ಇಲ್ಲ, ಊಟ ಗದ್ದೆಯವರದ್ದು. ಇದೇ ಮುಯ್ಯಾಳು. ಮದುವೆಯಲ್ಲಿ ಕೊಡುವುದಕ್ಕೂ ಅದೇ ಹೆಸರು, ಮುಯ್ಯಿ. ಉತ್ತರ ಕರ್ನಾಟಕದವರು ಆಯೇರಿ ಅನ್ನುತ್ತಾರೆ. ಅಮ್ಮನ ಮದುವೆಯ ಮುಯ್ಯಿ ಪುಸ್ತಕ ಇನ್ನೂ ಊರಿನ ಬೀರುವಿನಲ್ಲಿದೆ. ಒಬ್ಬರ ಹೆಸರಿನ ಮುಂದೆ 5 ರೂಪಾಯಿ, ಇನ್ನೊಬ್ಬರ ಮುಂದೆ 10 ಸೇರು ಅಕ್ಕಿ, ಮತ್ತೊಬ್ಬರ ಮುಂದೆ ಕಂಚಿನ ತಂಬಿಗೆ. ಅವರ ಮನೆಯ ಮದುವೆ ಬಂದಾಗ ಆ ಪುಟ ತೆಗೆದು ನೋಡಿ, ಬಂದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಕೊಡುತ್ತಿದ್ದರು. ಸರಿಸಮ ಮಾಡಿ ಮುಗಿಸುತ್ತಿರಲಿಲ್ಲ. ಹೀಗಾಗಿ ಲೆಕ್ಕ ಯಾವತ್ತೂ ಚುಕ್ತಾ ಆಗುತ್ತಿರಲಿಲ್ಲ, ಎರಡು ಮನೆಗಳ ಹೋಗಿಬರುವಿಕೆಯೂ ನಿಲ್ಲುತ್ತಿರಲಿಲ್ಲ. (ಮುಯ್ಯಿ ತೀರಿಸಿಕೊಳ್ಳುವುದು ಅಂದರೆ ಸೇಡು ಅಂತಲೂ ಅರ್ಥ ಇದೆ. ಪಡೆದದ್ದನ್ನು ಮರೆಯದೆ ಹಿಂದಿರುಗಿಸುವುದು, ಒಳ್ಳೆಯದೋ ಕೆಟ್ಟದ್ದೋ.)

ಹಳೆಯದೆಲ್ಲ ಚೆಂದ ಅಂತ ನಾನು ಹೇಳುತ್ತಿಲ್ಲ. ಆಯ ಅಂತ ಇನ್ನೊಂದು ಪದ ಇತ್ತು. ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಎಲ್ಲರೂ ವರ್ಷವಿಡೀ ದುಡಿದು ಸುಗ್ಗಿಯಲ್ಲಿ ಕಣಕ್ಕೆ ಬಂದು ಕಾಳು ಅಳೆಸಿಕೊಂಡು ಹೋಗಬೇಕಿತ್ತು. ಅಲ್ಲಿ ಅಳೆಯುವವನ ಕೈ ಯಾವಾಗಲೂ ಮೇಲೆ. ಜಾತಿಗೆ ಕಟ್ಟಿಹಾಕಿದ ಆ ಕೆಲಸದಿಂದ ಬಿಡಿಸಿಕೊಳ್ಳುವುದೂ ಸುಲಭ ಇರಲಿಲ್ಲ. ಮುಯ್ಯಿ ನಡೆಯುವುದು ಸರೀಕರ ನಡುವೆ. ಇವತ್ತು ನೀನು, ನಾಳೆ ನಾನು. ನಮಗೆ ಬೇಕಾಗಿರುವುದು ಇದು.

ಇದು ಇಲ್ಲಿ ಕಾನೂನಿಗೆ ಸರಿನಾ ಅಂತ ಒಬ್ಬರು ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ. 2009ರಲ್ಲಿ ಇಲ್ಲೇ ಇಂಗ್ಲೆಂಡಿನಲ್ಲಿ ಇಬ್ಬರು ಪೊಲೀಸ್ ಮಹಿಳೆಯರು ಒಂದೇ ಕೆಲಸವನ್ನು ಹಂಚಿಕೊಂಡು, ಒಬ್ಬಳು ಡ್ಯೂಟಿಯಲ್ಲಿದ್ದಾಗ ಇನ್ನೊಬ್ಬಳು ಎರಡೂ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಒಂದು ಪೈಸೆಯೂ ಕೈ ಬದಲಾಗಿರಲಿಲ್ಲ. ಆದರೂ ಶಾಲೆ ಮತ್ತು ಮಕ್ಕಳ ಪಾಲನೆಯ ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್, ನೋಂದಣಿ ಇಲ್ಲದೆ ಹೀಗೆ ಮಾಡುವಂತಿಲ್ಲ ಅಂದಿತು. ಬದಲಿಗೆ ಸಿಗುವ ಸಹಾಯವೂ ಪ್ರತಿಫಲವೇ ಅನ್ನುವುದು ಅವರ ವಾದ. ದೊಡ್ಡ ಗಲಾಟೆ ಆಯಿತು. ಆಮೇಲೆ ಸರ್ಕಾರ ಸ್ನೇಹಿತರು ದುಡ್ಡಿಲ್ಲದೆ ಹೀಗೆ ಮಾಡಿಕೊಂಡರೆ ನೋಂದಣಿ ಬೇಡ ಅಂತ ನಿಯಮ ಬದಲಾಯಿಸಿತು. ದುಡ್ಡು ಬಂದರೆ ಬೇರೆ ಮಾತು. ಎಂಟು ವರ್ಷದೊಳಗಿನ ಮಗುವನ್ನು ನಿಮ್ಮ ಮನೆಯಲ್ಲಿ ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ದುಡ್ಡಿಗೆ ನೋಡಿಕೊಂಡರೆ ನೋಂದಣಿ ಬೇಕು. ಮೂರೂಕಾಲಿಂದ ಆರು ಅಂದರೆ ಎರಡೂಮುಕ್ಕಾಲು ಗಂಟೆ! ನನ್ನ ಆ 20 ಪೌಂಡ್ ನೋಟು ಅವಳನ್ನು ಸುಮ್ನೆ ಕಷ್ಟಕ್ಕೆ ಸಿಕ್ಕಿಸುತ್ತಿತ್ತು.

ಪಾಯಿಂಟ್ ಆಪ್ ನನಗೆ ಬೇಡ. ಅಮೆರಿಕದ ವಾಷಿಂಗ್ಟನ್ನಿನ ಕ್ಯಾಪಿಟಲ್ ಹಿಲ್ ಬಡಾವಣೆಯಲ್ಲಿ ಸುಮಾರು 150 ದಂಪತಿಗಳು ಅರ್ಧ ಗಂಟೆಗೊಂದು ಕೂಪನ್ ಮಾಡಿಕೊಂಡು ಒಬ್ಬರ ಮಕ್ಕಳನ್ನು ಒಬ್ಬರು ನೋಡಿಕೊಳ್ಳುತ್ತಿದ್ದರು. ಮುಂದೆ ಬೇಕಾಗುತ್ತದೆ ಅಂತ ಎಲ್ಲರೂ ಕೂಪನ್ ಕೂಡಿಡಲು ಶುರು ಮಾಡಿದರು. ಹೊರಗೆ ಹೋಗುವವರೇ ಕಡಿಮೆಯಾದರು, ಹಾಗಾಗಿ ಬೇರೆಯವರ ಮಕ್ಕಳನ್ನು ನೋಡಿಕೊಂಡು ಕೂಪನ್ ಗಳಿಸುವುದೂ ಕಷ್ಟವಾಯಿತು. 1977ರಲ್ಲಿ ಇದರ ಮೇಲೆ ಅರ್ಥಶಾಸ್ತ್ರದ ಲೇಖನವೇ ಬಂತು. ಬರೆದಿಡುವುದು ಬೇಡ ಅಂತಲ್ಲ, ಮುಯ್ಯಿ ಪುಸ್ತಕವೂ ಬರೆದಿಟ್ಟದ್ದೇ. ಆದರೆ ಕೈಗೂಸು ಇಟ್ಟುಕೊಂಡು ಮೊನ್ನೆ ತಾನೇ ಬಂದಿಳಿದವಳು ಎಲ್ಲಿಂದ ಪಾಯಿಂಟ್ ತರುತ್ತಾಳೆ? ಮುಯ್ಯಿಯಾದರೆ ಅವಳಿಗಾಗಿ ಎರಡು ವರ್ಷ ಕಾಯುತ್ತದೆ.

ಅಕ್ಟೋಬರ್ ಅರ್ಧ ಟರ್ಮ್ ರಜೆಗೆ ಐದು ದಿನ, ಐದು ಮನೆ ಸಾಕು. ಬುಧವಾರ ನನ್ನದು. ನಾಲ್ಕು ಮಕ್ಕಳನ್ನು ಬೆಳಗ್ಗೆ ಎಂಟಕ್ಕೆ ಬಿಟ್ಟು ಹೋಗಿ, ತಿಂಡಿಗೆ ಅವಲಕ್ಕಿ ಮಾಡಿರುತ್ತೇನೆ. ಯಾರಿಗಾದರೂ ಶೇಂಗಾ ಆಗದಿದ್ದರೆ ಮೊದಲೇ ಹೇಳಿ. ಗುರುವಾರ ಹುಬ್ಬಳ್ಳಿಯವಳದ್ದು. ಉಳಿದ ಮೂರು ದಿನಕ್ಕೆ ಯಾರು ಬರುತ್ತೀರಿ? ಹಾಗೇ, ಕರಾವಳಿ, ಮಲೆನಾಡು, ಕಲಬುರಗಿ ಕಡೆಯವರು ನಿಮ್ಮಲ್ಲಿ ಮುಯ್ಯಾಳಿಗೆ ಏನನ್ನುತ್ತಾರೆ ಅಂತ ಕೆಳಗೆ ಬರೆಯಿರಿ. ಮಗ ಒಂದು ನೋಟ್‌ಬುಕ್ ತೆಗೆದಿಟ್ಟಿದ್ದಾನೆ, ಮೇಲೆ "ಮುಯ್ಯಿ" ಅಂತ ಕನ್ನಡದಲ್ಲೇ ಬರೆದಿದ್ದಾನೆ, ಯಕಾರದ ಒತ್ತು ಮಾತ್ರ ನಾನು ತಿದ್ದಿದೆ.