10,000 ವರ್ಷ ಆಚೆಯ ಕಥೆ ಬರೆಯುತ್ತಿದ್ದೇನೆ, ನನ್ನ ಹಡಗು ನಂಬುವಂತಿದೆಯಾ?

ಅಪ್ಪನಕೆರೆ_ದಂಡೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಊರು ಕಲಬುರಗಿ. ಎರಡು ವರ್ಷದಿಂದ ಒಂದು ಉದ್ದನೆ ಕಥೆ ಹಿಡಿದುಕೊಂಡು ಕೂತಿದ್ದೇನೆ. ಕಥೆ ನಡೆಯೋದು ಇವತ್ತಿನಿಂದ 10,000 ವರ್ಷ ಆದ ಮೇಲೆ, ಭೂಮಿ ಬಿಟ್ಟು ಹೊರಟ ಒಂದು ದೊಡ್ಡ ಹಡಗಿನಲ್ಲಿ. ಹಡಗಿನ ಹೆಸರು ಭೀಮೆ. ಒಳಗೆ ಎರಡು ಲಕ್ಷ ಜನ, ಎಲ್ಲ ನಮ್ಮ ಕಡೆಯವರ ಮೊಮ್ಮಕ್ಕಳ ಮೊಮ್ಮಕ್ಕಳು. ತೊಗರಿ ಹೊಲ ಇದೆ, ಸಂತೆ ಇದೆ, ಅಪ್ಪನ ಕೆರೆ ಅಂತಲೇ ಹೆಸರಿಟ್ಟ ಒಂದು ಕೆರೆಯೂ ಇದೆ. ಕೊಳವೆ ಆಕಾರದ ಹಡಗು, ಅಡ್ಡಳತೆ 200 ಮೀಟರ್, ಗಿರಗಿರ ತಿರುಗುತ್ತದೆ, ಅದಕ್ಕೇ ಜನ ನೆಲದ ಮೇಲೆ ನಿಲ್ಲುತ್ತಾರೆ.

ಎಂಜಿನ್ ಬೆಳಕಿಗಿಂತ ವೇಗ. ಕರೆಂಟ್ ಬರೋದು ಆ್ಯಂಟಿಮ್ಯಾಟರ್ (ಸಾಮಾನ್ಯ ವಸ್ತುವಿಗೆ ತಾಗಿದರೆ ಎರಡೂ ಅಳಿದು ಶಕ್ತಿಯಾಗುವ ವಸ್ತು) ಒಲೆಯಿಂದ. ಶತ್ರು ಬಂದರೆ ಒಂದು ಪರದೆ ಎಳೆದುಕೊಂಡು ಮೂರು ದಿನ ಕಾಣದಂತೆ ಮಾಯ ಆಗುತ್ತದೆ. ಕಥೆಯ ಮುಖ್ಯ ಭಾಗವೇ ಆ ಮೂರು ದಿನ.

ಗೆಳೆಯನೊಬ್ಬ ಓದಿ, "ಇದು ವಿಜ್ಞಾನ ಅಲ್ಲಪ್ಪಾ, ಮಾಟ" ಅಂದುಬಿಟ್ಟ. ಎರಡು ದಿನ ಊಟ ಸೇರಲಿಲ್ಲ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಕಿತ್ತು ಹಾಕಲಿ? "ಕಥೆ ತಾನೆ, ಏನು ಬೇಕಾದ್ರೂ ಬರಿ" ಅನ್ನಬೇಡಿ. ಅದನ್ನು ಮನೆಯಲ್ಲೇ ಹೇಳಿದ್ದಾರೆ.

ಪರಸಿಕಲ್ಲು ಬರೆದದ್ದು:

ನಾನು ಶಹಾಬಾದ್ ಕಡೆಯವನು, ಈ ಹುಚ್ಚು ನನಗೂ ಇದೆ. ಎಂಜಿನ್, ಒಲೆ, ಪರದೆ ಎಲ್ಲ ಆಮೇಲೆ ನೋಡೋಣ. ಮೊದಲು ಒಂದು ಪ್ರಶ್ನೆ. ಹಡಗಿನೊಳಗಿನ ಬಿಸಿ ಎಲ್ಲಿಗೆ ಹೋಗುತ್ತದೆ?

ಬಾಹ್ಯಾಕಾಶ ಅಂದರೆ ಚಳಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಚಳಿ ಅನ್ನೋದಕ್ಕಿಂತ ಥರ್ಮಾಸ್ ಫ್ಲಾಸ್ಕ್ ಅನ್ನೋದು ಸರಿ. ಸುತ್ತ ಗಾಳಿ ಇಲ್ಲ, ನೀರಿಲ್ಲ, ಬಿಸಿಯನ್ನು ಹೊತ್ತುಕೊಂಡು ಹೋಗೋಕೆ ಏನೂ ಇಲ್ಲ. ಹೋಗೋ ದಾರಿ ಒಂದೇ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಾಗಿ ಮೈಯಿಂದ ಹೊರಗೆ ಸೂಸಬೇಕು. ಇದನ್ನು ನಮ್ಮ ಕಡೆಯವರಿಗೆ ಪುಸ್ತಕ ತೆಗೆದು ಹೇಳಬೇಕಾಗಿಲ್ಲ. ಮೇ ತಿಂಗಳು, ಹಗಲು 42 ಡಿಗ್ರಿ ದಾಟಿದೆ, ರಾತ್ರಿ ಒಂಬತ್ತಕ್ಕೆ ಕರೆಂಟ್ ಹೋಗಿದೆ. ಮನೆಯ ಪಡುವಣ ಗೋಡೆಗೆ ಮುಟ್ಟದ ಹಾಗೆ, ಒಂದು ಗೇಣು ದೂರದಲ್ಲಿ ಕೆನ್ನೆ ಹಿಡಿದು ನೋಡಿ. ಗಾಳಿ ಅಲುಗಾಡದಿದ್ದರೂ ಕೆನ್ನೆ ಕಾಯುತ್ತದೆ. ಹಗಲೆಲ್ಲ ಕುಡಿದ ಬಿಸಿಲನ್ನು ಕಲ್ಲು ವಾಪಸ್ ಉಗುಳುತ್ತಿರುತ್ತದೆ. ನಿಮ್ಮ ಭೀಮೆಗೆ ಉಳಿದಿರೋದು ಅದೊಂದೇ ದಾರಿ.

ಈಗ ಲೆಕ್ಕ. 27 ಡಿಗ್ರಿ ಇರುವ ಮೈ ಒಂದು ಚದರ ಮೀಟರಿನಿಂದ ಹೆಚ್ಚೆಂದರೆ 460 ವ್ಯಾಟ್ ಸೂಸುತ್ತದೆ. ಸುಮ್ನೆ ಕೂತ ಮನುಷ್ಯನ ಮೈಬಿಸಿ 100 ವ್ಯಾಟ್ ಹತ್ತಿರ. ಎರಡು ಲಕ್ಷ ಜನ ಅಂದರೆ 20 ಮೆಗಾವ್ಯಾಟ್. ಇದು ಬರೀ ಜನ. ತೊಗರಿ ಬೆಳೆಯೋಕೆ ದೀಪ ಬೇಕಲ್ವಾ? ಚದರ ಮೀಟರಿಗೆ 200 ವ್ಯಾಟ್ ಅಂತ ಹಿಡಿದರೂ 25 ಎಕರೆ ಹೊಲದ ದೀಪದ ಬಿಸಿ ಎರಡು ಲಕ್ಷ ಜನರ ಮೈಬಿಸಿಗೆ ಸಮ ಆಗುತ್ತದೆ. ದೀಪದ ಬೆಳಕೆಲ್ಲ ಎಲೆಗೆ, ಮಣ್ಣಿಗೆ ಬಿದ್ದು ಕೊನೆಗೆ ಬಿಸಿಯೇ ಆಗೋದು.

ಆ್ಯಂಟಿಮ್ಯಾಟರ್ ಒಲೆ ಇಟ್ಟುಕೊಳ್ಳಿ, ತಪ್ಪಿಲ್ಲ. ಒಂದು ಗ್ರಾಂ ಆ್ಯಂಟಿಮ್ಯಾಟರ್ ಒಂದು ಗ್ರಾಂ ಸಾಮಾನ್ಯ ವಸ್ತುವಿಗೆ ತಾಗಿದರೆ ಸುಮಾರು 43 ಕಿಲೋಟನ್ ಟಿಎನ್‌ಟಿಯಷ್ಟು ಶಕ್ತಿ ಬರುತ್ತದೆ, ಹಿರೋಶಿಮಾ ಬಾಂಬಿನ ಎರಡೂವರೆ ಪಟ್ಟಿಗೂ ಜಾಸ್ತಿ. ಆದರೆ ಅದರಲ್ಲಿ ಕೆಲಸಕ್ಕೆ ಬರದೆ ಉಳಿದ ಬಿಸಿಯನ್ನು ಎಸೆಯೋಕೆ ರೆಕ್ಕೆ ಬೇಕು, ಅದೂ ಕೆಂಪಗೆ ಕಾದ ರೆಕ್ಕೆ. ಬಿಸಿ ಜಾಸ್ತಿ ಆದಷ್ಟೂ ಸೂಸುವ ಶಕ್ತಿ ಸಿಕ್ಕಾಪಟ್ಟೆ ಏರುತ್ತದೆ. ಕೆಲ್ವಿನ್ ಲೆಕ್ಕದಲ್ಲಿ (ಮೈನಸ್ 273 ಡಿಗ್ರಿಯನ್ನು ಸೊನ್ನೆ ಅಂತ ಹಿಡಿಯೋ ಲೆಕ್ಕ) ಬಿಸಿ ಎರಡರಷ್ಟಾದರೆ ಸೂಸೋದು 16 ಪಟ್ಟು, ನಾಲ್ಕರಷ್ಟಾದರೆ 256 ಪಟ್ಟು. ಯುದ್ಧದಲ್ಲಿ ಶತ್ರು ಮೊದಲು ಹೊಡೆಯೋದು ಆ ರೆಕ್ಕೆಗೇ. ನಿಮ್ಮ ಫಿರಂಗಿ ಗಿರಂಗಿ ಎಲ್ಲ ಆಮೇಲೆ.

ಪರದೆ ಮಾತ್ರ ಮಾಟವೇ, ನಿಮ್ಮ ಗೆಳೆಯ ಹೇಳಿದ್ದು ಸರಿ. ಹಡಗಿನ ಹಿಂದಿನ ಆಕಾಶ ಆ ಕೆಲ್ವಿನ್ ಸೊನ್ನೆಗಿಂತ ಬರೀ 2.7 ಕೆಲ್ವಿನ್ ಮೇಲಿದೆ. ಅದರ ಮುಂದೆ 300 ಕೆಲ್ವಿನ್ ಹಡಗು ಅಂದರೆ ಅಮಾವಾಸ್ಯೆ ರಾತ್ರಿ ಹೊಲದಲ್ಲಿ ಪಂಜು ಹಿಡಿದು ಬಚ್ಚಿಟ್ಟುಕೊಂಡ ಹಾಗೆ.

ನೌಬಾದ್_ಹುಡುಗ ಬರೆದದ್ದು:

ಬೀದರಿನವನು. ಪರಸಿಕಲ್ಲು ಅಣ್ಣ ರೆಕ್ಕೆ ಅಂದ ಕೂಡಲೇ ನನಗೆ ಬಿದರಿ ಕೆಲಸ ನೆನಪಾಯಿತು. ಸತು ಜಾಸ್ತಿ, ತಾಮ್ರ ಕಡಿಮೆ ಹಾಕಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಬಿಸಿ ಮಾಡಿ ತಿಕ್ಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಬೆಳ್ಳಗೆ ಉಳಿಯುತ್ತದೆ. ಅದನ್ನು ಕಣ್ಣಾರೆ ನೋಡಬೇಕು. ಬೂದು ಬಣ್ಣದ ಹೂದಾನಿ ಕೈಯಲ್ಲಿ ತಿರುಗುತ್ತಾ ತಿರುಗುತ್ತಾ ಎರಡು ನಿಮಿಷದಲ್ಲಿ ಕಾಡಿಗೆ ಆಗಿಬಿಡುತ್ತದೆ. ಹಡಗಿನ ರೆಕ್ಕೆ ಬಿದರಿಯದ್ದೇ ಆಗಿರಲಿ! ಕಪ್ಪು ಮೈ ಚೆನ್ನಾಗಿ ಬಿಸಿ ಸೂಸುತ್ತದೆ ಅಂತ ಶಾಲೆಯಲ್ಲಿ ಹೇಳಿದ್ದಾರೆ.

ಇನ್ನೊಂದು. ಬಿಸಿಯನ್ನು ಹೊಲದಿಂದ ರೆಕ್ಕೆಗೆ ಸಾಗಿಸೋಕೆ ಕೊಳವೆ ಬೇಕಲ್ವಾ, ಅದಕ್ಕೆ ಕರೇಜ್ ಅಂತ ಹೆಸರಿಡಿ. ನಮ್ಮ ನೌಬಾದಿನ ಕರೇಜ್ ಬಹಮನಿ ಕಾಲದ್ದು, ನೆಲದೊಳಗೆ ಸುರಂಗ ತೋಡಿ ಸ್ವಲ್ಪವೇ ಇಳಿಜಾರು ಕೊಟ್ಟು, ಪಂಪು ಇಲ್ಲ, ಏತ ಇಲ್ಲ, ನೀರು ತಾನಾಗಿ ಹರಿದು ಬರುವ ಹಾಗೆ ಮಾಡಿದ್ದಾರೆ. ಮೇಲಿನಿಂದ ಸಾಲಾಗಿ ಬಾವಿಗಳಿವೆ, ಮಣ್ಣು ಎತ್ತೋಕೆ, ಗಾಳಿ ಬರೋಕೆ. ಒಮ್ಮೆ ಒಳಗೆ ಇಳಿದಿದ್ದೆ. ಹೊರಗೆ ತಲೆ ಸಿಡಿಯೋ ಬಿಸಿಲು, ಒಳಗೆ ಮೊಣಕಾಲವರೆಗೆ ತಣ್ಣನೆ ನೀರು, ದೂರದ ಬಾವಿಯಿಂದ ಬಿದ್ದ ಬೆಳಕು ನೀರಿನ ಮೇಲೆ ದುಂಡಗೆ ತಟ್ಟೆಯ ಹಾಗೆ ಕೂತಿತ್ತು. ನಿಮ್ಮ ಹಡಗಿನ ಹುಡುಗರು ಆ ಬಾವಿಗಳಲ್ಲಿ ಇಳಿದು ಕೊಳವೆ ರಿಪೇರಿ ಮಾಡಲಿ.

ಭೀಮಾತೀರದ_ಟೀಚರ್ ಬರೆದದ್ದು:

ಯಾದಗಿರಿಯಿಂದ. ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ, ಅದಕ್ಕೆ ಸುಮ್ಮನಿರೋಕೆ ಆಗಲ್ಲ, ಬೇಜಾರು ಮಾಡ್ಕೋಬೇಡಿ.

ನೌಬಾದ್_ಹುಡುಗ ಅವರೇ, ಬಿದರಿ ಐಡಿಯಾ ಚಂದ ಇದೆ, ಆದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರೇಡಿಯೇಟರುಗಳು, ಅಂದರೆ ಬಿಸಿ ಎಸೆಯೋ ರೆಕ್ಕೆಗಳು, ಬಿಳಿ. ಒಳಗೆ ಅಮೋನಿಯಾ ಹರಿಯುತ್ತದೆ. ಕಣ್ಣಿಗೆ ಕಪ್ಪಾಗಿ ಕಂಡದ್ದು ಇನ್‌ಫ್ರಾರೆಡ್‌ನಲ್ಲೂ ಕಪ್ಪಾಗೇ ಇರಬೇಕು ಅಂತಿಲ್ಲ, ಬಿಳಿಯಾಗಿ ಕಂಡದ್ದು ಅಲ್ಲಿ ಕಪ್ಪಿನ ಹಾಗೆ ಚೆನ್ನಾಗಿ ಸೂಸಬಹುದು. ಬಿಳಿ ಬಣ್ಣ ಸೂರ್ಯನ ಬೆಳಕನ್ನು ವಾಪಸ್ ಕಳಿಸುತ್ತದೆ, ತನ್ನ ಬಿಸಿಯನ್ನು ಮಾತ್ರ ಹೊರಗೆ ಬಿಡುತ್ತದೆ. ನಕ್ಷತ್ರಗಳ ನಡುವೆ ಸೂರ್ಯನೇ ಇಲ್ಲದ ಕಡೆ ನಿಮ್ಮ ಕಪ್ಪು ರೆಕ್ಕೆ ನಡೆಯುತ್ತದೆ. ಆದರೆ ಸತು 420 ಡಿಗ್ರಿಗೇ ಕರಗುತ್ತದೆ, ಆದ್ದರಿಂದ ಕೆಂಪಗೆ ಕಾಯೋ ರೆಕ್ಕೆಗೆ ಅದು ಆಗಲ್ಲ. ಹೊಲದ ಬಿಸಿ ಎಸೆಯೋ ತಣ್ಣನೆ ರೆಕ್ಕೆಗೆ ಹಾಕಿ.

ರೆಕ್ಕೆಯೇ ಇಲ್ಲದ ಇನ್ನೊಂದು ಬಗೆಯನ್ನೂ ಎಂಜಿನಿಯರುಗಳು ಯೋಚಿಸಿದ್ದಾರೆ. ಬಿಸಿ ದ್ರವವನ್ನು ಕೋಟ್ಯಂತರ ಸಣ್ಣ ಹನಿ ಮಾಡಿ ಒಂದು ಕಡೆಯಿಂದ ಚಿಮ್ಮಿಸೋದು, ಹನಿಗಳು ಹಾರುತ್ತಲೇ ತಣ್ಣಗಾಗಿ ಇನ್ನೊಂದು ಕಡೆ ಬಂದು ಸೇರೋದು. ಗುಂಡು ಹೊಡೆದರೂ ಹರಿಯೋಕೆ ರೆಕ್ಕೆಯೇ ಇಲ್ಲ. ಕಥೆಯಲ್ಲಿ ಇದು ನನಗೆ ಭಾಳ ಇಷ್ಟ. ಹಡಗಿನ ಪಕ್ಕಕ್ಕೆ ಸದಾ ಕೆಂಪು ಮಳೆ.

ಈಗ ತಿರುಗೋದು. 200 ಮೀಟರ್ ಅಡ್ಡಳತೆಯಲ್ಲಿ ಭೂಮಿಯಷ್ಟು ಭಾರ ಬರಬೇಕಾದರೆ ನಿಮಿಷಕ್ಕೆ ಮೂರು ಸುತ್ತು, ಹಲವರಿಗೆ ತಲೆ ತಿರುಗಿ ವಾಂತಿ ಬರಬಹುದು. ಎರಡು ಲಕ್ಷ ಜನ ಹಿಡಿಸೋದೂ ಇಲ್ಲ. ತ್ರಿಜ್ಯವನ್ನೇ 900 ಮೀಟರ್ ಮಾಡಿ, ಉದ್ದ 8 ಕಿಲೋಮೀಟರ್. ಆಗ ನಿಮಿಷಕ್ಕೆ ಒಂದೇ ಸುತ್ತು, ಒಳಗೆ 11,000 ಎಕರೆ ನೆಲ. ದೊಡ್ಡದಾಯಿತು ಅಂತ ಹೆದರಬೇಡಿ, 1970ರ ದಶಕದಲ್ಲೇ ಜೆರಾರ್ಡ್ ಓನೀಲ್ ಅನ್ನೋ ಭೌತವಿಜ್ಞಾನಿ 32 ಕಿಲೋಮೀಟರ್ ಉದ್ದದ ಕೊಳವೆಯ ಲೆಕ್ಕ ಹಾಕಿದ್ದರು. ಈ ಹಡಗಿನಲ್ಲಿ ಹತ್ತು ಮೀಟರ್ ಎತ್ತರದ ಬೇವಿನ ಕೊಂಬೆಯಿಂದ ಹಣ್ಣು ಉದುರಿದರೆ ನೇರ ಕೆಳಗೆ ಬೀಳೋದಿಲ್ಲ, ಸುಮಾರು ಒಂದು ಮೀಟರ್ ಆಚೆ, ಹಡಗು ತಿರುಗೋ ದಿಕ್ಕಿಗೆ ಎದುರು ಬೀಳುತ್ತದೆ. ನಿಮ್ಮ ಮಕ್ಕಳು ಬೇವಿನ ಹಣ್ಣು ಆರಿಸೋಕೆ ಮರದ ಒಂದೇ ಬದಿಗೆ ಓಡಬೇಕು.

ಅಪ್ಪನ ಕೆರೆ ಜೋಪಾನ. ಎಂಜಿನ್ ಹಡಗನ್ನು ಉದ್ದಕ್ಕೆ ತಳ್ಳಿದರೆ ಆ ಹಡಗಿನಲ್ಲಿ ಕೆಳಗೆ ಅನ್ನೋದೇ ಸ್ವಲ್ಪ ಓರೆ ಆಗುತ್ತದೆ. ನಮ್ಮ ಭಾರದ ನೂರರಲ್ಲಿ ಒಂದು ಪಾಲು ತಳ್ಳಿದರೂ ಸಾಕು, 500 ಮೀಟರ್ ಉದ್ದದ ಕೆರೆಯ ಎರಡು ತುದಿಗೆ ನೀರಿನ ಮಟ್ಟದಲ್ಲಿ 5 ಮೀಟರ್ ವ್ಯತ್ಯಾಸ. ಹಿಂದಿನ ದಂಡೆಯ ಮನೆಗಳಿಗೆ ನೀರು ನುಗ್ಗುತ್ತದೆ. ಕರೇಜಿನ ಇಳಿಜಾರಂತೂ ಅಷ್ಟು ಕಡಿಮೆ ಇರುತ್ತದೆ, ನೀರು ಉಲ್ಟಾ ಹರಿಯಬಹುದು.

ಬೆಳಕಿಗಿಂತ ವೇಗದ ಬಗ್ಗೆ ಜಾಸ್ತಿ ಹೇಳಲ್ಲ. 1994ರಲ್ಲಿ ಮಿಗೆಲ್ ಆಲ್ಕುಬಿಯೆರೆ ಅನ್ನೋ ಭೌತವಿಜ್ಞಾನಿ ಜಾಗವನ್ನೇ ಮಡಚಿಕೊಂಡು ಹೋಗೋ ಒಂದು ಗಣಿತ ತೋರಿಸಿದರು, ಆದರೆ ಅದಕ್ಕೆ ಋಣ ಶಕ್ತಿ, ಅಂದರೆ ಸೊನ್ನೆಗಿಂತ ಕಡಿಮೆ ಇರೋ ಶಕ್ತಿ ಬೇಕು, ಅಂಥದ್ದನ್ನು ಅಷ್ಟು ತರೋದು ಎಲ್ಲಿಂದ? ಅದಿಲ್ಲದೆಯೂ ಕಥೆ ನಡೆಯುತ್ತದೆ. ಬೆಳಕಿನ ಹತ್ತರಲ್ಲಿ ಒಂದು ವೇಗದಲ್ಲಿ ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಗೆ 42 ವರ್ಷ. ಒಂದು ತಲೆಮಾರು. ಆ ವೇಗದಲ್ಲಿ ಒಂದು ಮಿಲಿಗ್ರಾಂ ಧೂಳು ತಾಗಿದರೆ 100 ಕಿಲೋ ಟಿಎನ್‌ಟಿ ಸಿಡಿದ ಹಾಗೆ, ಆದ್ದರಿಂದ ಹಡಗಿನ ಮೂತಿಗೆ ಮಂಜುಗಡ್ಡೆಯ ದಪ್ಪ ಗುರಾಣಿ ಇಡಿ.

ಗುಡ್ಡದಮೇಲೆ ಬರೆದದ್ದು:

ಇಷ್ಟೆಲ್ಲ ಲೆಕ್ಕ ಯಾರು ಓದ್ತಾರ್ರೀ? ಓದುಗರಿಗೆ ಬೇಕಾಗಿರೋದು ಪ್ರೀತಿ, ಜಗಳ, ಯುದ್ಧ. ಸುಮ್ನೆ ಬಟನ್ ಒತ್ತಿ ಮಾಯ ಮಾಡಿಬಿಡಿ.

ಪರಸಿಕಲ್ಲು ಬರೆದದ್ದು:

ಬಟನ್ ಒತ್ತಿ ಮಾಯ ಆದರೆ ಆ ಮೂರು ದಿನದಲ್ಲಿ ಬರೆಯೋಕೆ ಏನಿರುತ್ತೆ ಸ್ವಾಮಿ? ಎಲ್ಲರೂ ಚಹಾ ಕುಡಿದು ಕೂರಬೇಕು ಅಷ್ಟೆ.

ಟೀಚರ್, ನಿಮ್ಮ ಮಂಜಿನ ಗುರಾಣಿ ಓದಿ ಹೊಳೆಯಿತು. ಪರದೆ ಬೇಡ. ಎಂಜಿನ್ ಆರಿಸಿ, ಹೊರ ಮೈ ತಣ್ಣಗಿಟ್ಟು, ಒಳಗಿನ ಬಿಸಿಯನ್ನೆಲ್ಲ ಆ ಮಂಜಿಗೆ ಕುಡಿಸಿದರೆ? ಮಂಜು ಕರಗುವವರೆಗೆ ಹಡಗು ಹೊರಗೆ ಕಾಣಲ್ಲ. ಎಷ್ಟು ಹೊತ್ತು ಬರುತ್ತದೆ?

ಭೀಮಾತೀರದ_ಟೀಚರ್ ಬರೆದದ್ದು:

ಇದು ನಡೆಯುತ್ತದೆ! ಈಗಷ್ಟೇ ಹಾಳೆಯಲ್ಲಿ ಹಾಕಿ ನೋಡಿದೆ. 900 ಮೀಟರ್ ತ್ರಿಜ್ಯದ ಮೂತಿಗೆ ಒಂದು ಮೀಟರ್ ದಪ್ಪ ಮಂಜು ಅಂದರೆ 23 ಲಕ್ಷ ಟನ್ ಹತ್ತಿರ. 10,000 ಎಕರೆಗೆ ದೀಪ ಉರಿಯುತ್ತಿದ್ದರೆ ಅಷ್ಟೂ ಮಂಜು ಸುಮಾರು 27 ತಾಸಿನಲ್ಲಿ ಕರಗುತ್ತದೆ. ಮೂರು ದಿನ ಬರಲ್ಲ. ಹೊಲದ ದೀಪ ಆರಿಸಿ ಬರೀ ಜನರ ಮೈಬಿಸಿ ಲೆಕ್ಕ ಹಿಡಿದರೆ ಒಂದು ವರ್ಷಕ್ಕೂ ಜಾಸ್ತಿ ಬರುತ್ತದೆ. ಕರಗಿದ್ದನ್ನು ಮತ್ತೆ ಗಟ್ಟಿ ಮಾಡಬೇಕಾದರೆ ಅದೇ ಬಿಸಿಯನ್ನು ಹೊರಗೆ ಎಸೆಯಬೇಕು, ಆಗ ಶತ್ರುವಿಗೆ ಕಾಣುತ್ತೀರಿ. ಅಲ್ಲಿಯವರೆಗೆ ಮೂತಿಗೆ ಗುರಾಣಿಯೂ ಇಲ್ಲ.

ಅಪ್ಪನಕೆರೆ_ದಂಡೆ ಬರೆದದ್ದು:

ಎಲ್ಲರಿಗೂ ಕೈ ಮುಗಿದೆ. ಪರದೆ ತೆಗೆದೆ. ಬೆಳಕಿಗಿಂತ ವೇಗದ ಎಂಜಿನ್ ಕೂಡ ತೆಗೆದೆ, ಸ್ವಲ್ಪ ಹೊಟ್ಟೆ ಉರಿಯಿತು. ಬಿದರಿ ರೆಕ್ಕೆ, ಕರೇಜು, ಕೆಂಪು ಮಳೆ ಮೂರೂ ಒಳಗೆ ಬಂದವು. ಬೇವಿನ ಹಣ್ಣಿನಿಂದಲೇ ಮೊದಲ ಅಧ್ಯಾಯ ಶುರು ಮಾಡಿದ್ದೇನೆ.

ಆ ಮೂರು ದಿನ ದೀಪ ಆರಿಸೋದು ಅಂತ ತೀರ್ಮಾನಿಸಿ ಆರಾಮಾಗಿದ್ದೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಹತ್ತಿರ ಸುಮ್ನೆ ಕೇಳಿದೆ, ತೊಗರಿ ಹೊಲ ಮೂರು ದಿನ ಪೂರಾ ಕತ್ತಲಲ್ಲಿ ಇದ್ದರೆ ಏನಾಗುತ್ತೆ ಅಂತ. ರೊಟ್ಟಿ ಮುರಿಯೋದು ನಿಲ್ಲಿಸಿ ನನ್ನ ಮುಖ ನೋಡಿದರು. "ಹೂವಿನಾಗ ಇದ್ದಾಗ ಮೂರು ದಿನ ಮೋಡ ಆದ್ರನ ಹೂ ಉದುರ್ತಾವ, ನೀ ಕತ್ತಲಿ ಅಂತಿ. ಯಾರ ಹೊಲ ಅದು?"